ಕುದುರೆಗಳ ಹುಲ್ಲುಗಾವಲಿನಲ್ಲಿ ಕಳೆಯ ನಿವಾರಣೆ

ಮೈಸೂರು ಸೀಮೆಯಲ್ಲಿ ಕುದುರೆಯ ಸಾಕಣೆಯು ಹೊಸದಲ್ಲ. ಕುಣಿಗಲ್ಲಿನ ಕುದುರೆ ಫಾರಂ ಟಿಪ್ಪು ಸುಲ್ತಾನನ ಕಾಲದಲ್ಲಿ ಏರ್ಪಟ್ಟಿತು. 1918ರಲ್ಲಿ ಹೈಫಾ ಪಟ್ಟಣದ ಯುದ್ಧದಲ್ಲಿ ಮೈಸೂರು ಲ್ಯಾನ್ಸರ್ ದಳವು ಕುದುರೆಗಳ ಮೇಲೆಯೇ ಹೋರಾಡಿತು. ಕುದುರೆಗೆ ಹುರುಳಿ ಎಷ್ಟು ಕೊಡಬೇಕು, ಲಾಳ ಯಾವಾಗ ಕಟ್ಟಿಸಬೇಕು ಎಂದು ವಿಚಾರಿಸುವವರು ಬಹು ಮಂದಿ. ಅದು ಮೇಯುವ ನೆಲದ ಸ್ಥಿತಿಯನ್ನು ವಿಚಾರಿಸುವವರು ವಿರಳ.

ಹುಲ್ಲುಗಾವಲಿನ ಕಳೆಯಿಂದ ಎರಡು ವಿಧವಾದ ಹಾನಿ ಉಂಟು. ಮೊದಲನೆಯದು, ಅದು ಹುಲ್ಲಿನ ನೀರನ್ನೂ ಸಾರವನ್ನೂ ಕಿತ್ತುಕೊಳ್ಳುತ್ತದೆ. ಎರಡನೆಯದು, ಕೆಲವು ಕಳೆಗಳು ವಿಷವಾದುದರಿಂದ ಬೆಲೆಬಾಳುವ ಪ್ರಾಣಿಯು ಸಾಯುವ ಸಂಭವವಿದೆ. ವರ್ಷ ವರ್ಷವೂ ಕೂಲಿ ಕೊಟ್ಟು ಕಳೆ ಕೀಳಿಸಿದರೂ ಅದು ಮತ್ತೆ ಬರುವುದೇಕೆಂದು ಹಲವರು ಕೇಳುವುದುಂಟು. ಕಳೆಗೆ ಎಡೆಗೊಡುವುದು ಬರಿದಾದ ನೆಲ. ಆ ನೆಲವನ್ನು ಹುಲ್ಲು ಮುಚ್ಚುವವರೆಗೆ ಕೀಳುವ ಕೆಲಸಕ್ಕೆ ಕೊನೆಯಿಲ್ಲ.

1. ಕುದುರೆಯು ಮೇಯುವ ಬಗೆ

ದನಕ್ಕೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲುಗಳಿಲ್ಲ. ಅದು ಹುಲ್ಲನ್ನು ನಾಲಗೆಯಿಂದ ಸುತ್ತಿ ಸೆಳೆದು ತಿನ್ನುವುದರಿಂದ ಬುಡದಲ್ಲಿ ಸ್ವಲ್ಪ ಭಾಗ ಉಳಿಯುತ್ತದೆ. ಕುದುರೆಗೆ ಮೇಲೆಯೂ ಕೆಳಗೆಯೂ ಬಾಚಿಹಲ್ಲುಗಳಿವೆ. ಅದು ಎಳೆಯ ಹುಲ್ಲನ್ನು ನೆಲಕ್ಕೆ ಹತ್ತಿ ಕತ್ತರಿಸುತ್ತದೆ. ದಿವಸದ 24 ಗಂಟೆಗಳಲ್ಲಿ ಅರ್ಧಕ್ಕಿಂತಲೂ ಹೆಚ್ಚು ಕಾಲ ಮೇಯುತ್ತಲೇ ಇರುತ್ತದೆ. ಇದಲ್ಲದೆ, ಲದ್ದಿ ಬಿದ್ದ ಎಡೆಯಲ್ಲಿ ಮೇಯಲೊಲ್ಲದು.

ಹೀಗೆ ಕೆಲವು ತಿಂಗಳುಗಳಲ್ಲಿ ಒಂದೇ ಹೊಲವು ಎರಡು ಬಗೆಯಾಗುತ್ತದೆ. ಒಂದು ಕಡೆ ಹುಲ್ಲು ಬೋಳಾಗಿ, ಎಲೆಯಿಲ್ಲದುದರಿಂದ ಬೇರು ಸೊರಗಿ, ಬಿಸಿಲು ನೆಲಕ್ಕೆ ತಾಕಿ ಕಳೆಯ ಬೀಜ ಮೊಳೆಯುತ್ತದೆ. ಇನ್ನೊಂದು ಕಡೆ ಲದ್ದಿಯ ಸುತ್ತ ಕಳೆಯು ಯಾರ ಬಾಯಿಗೂ ಸಿಕ್ಕದೆ ಹೂಬಿಟ್ಟು ಬೀಜ ಉದುರಿಸುತ್ತದೆ. ದೂರದಿಂದ ನೋಡುವವರಿಗೆ ಹೊಲವು ಹಸುರಾಗಿಯೇ ಕಾಣುತ್ತದೆ. ಕುದುರೆಯು ಮಾತ್ರ ಹಸಿದಿರುತ್ತದೆ.

ನಿಜವಾದ ಸ್ಥಿತಿಯನ್ನು ತಿಳಿಯಲು ಸುಲಭವಾದ ಪರೀಕ್ಷೆಯೊಂದುಂಟು. ಹೊಲದ ಒಂದು ಮೂಲೆಯಿಂದ ಎದುರು ಮೂಲೆಯ ಕಡೆಗೆ ನೂರು ಹೆಜ್ಜೆ ನಡೆದು, ಪ್ರತಿ ಹೆಜ್ಜೆಯಲ್ಲಿಯೂ ಹೆಬ್ಬೆರಳಿನ ತುದಿಗೆ ಸಿಕ್ಕಿದುದು ಹುಲ್ಲೋ ಕಳೆಯೋ ಬರಿಯ ನೆಲವೋ ಎಂದು ಎಣಿಸತಕ್ಕದ್ದು. ಮುಂಗಾರಿಗೆ ಮುಂಚೆ ಒಮ್ಮೆ, ಹಿಂಗಾರಿನ ಕೊನೆಗೆ ಒಮ್ಮೆ ಎಣಿಸಿ ಬರೆದಿಟ್ಟುಕೊಂಡರೆ ಕಾವಲು ಸುಧಾರಿಸುತ್ತಿದೆಯೋ ಕೆಡುತ್ತಿದೆಯೋ ಎಂಬುದು ಯಾರ ಮಾತನ್ನೂ ಕೇಳದೆ ತಿಳಿಯುತ್ತದೆ.

2. ನೆಲಕ್ಕೆ ಬಿಡುವು ಕೊಡುವುದು

ಮೈಸೂರು ಸಂಸ್ಥಾನದ ಅಮೃತಮಹಲ್ ದನಗಳಿಗೆ ಬೇಸಗೆಗೆ, ಮಳೆಗಾಲಕ್ಕೆ, ಚಳಿಗಾಲಕ್ಕೆ ಎಂದು ಬೇರೆ ಬೇರೆ ಕಾವಲುಗಳು ಗೊತ್ತಾಗಿದ್ದವು. ಒಂದು ಕಾವಲಿನಲ್ಲಿ ಮಂದೆಯಿರುವಾಗ ಉಳಿದವು ಚೇತರಿಸಿಕೊಳ್ಳುತ್ತಿದ್ದವು. ಈ ವಿವೇಕವನ್ನು ಚಿಕ್ಕ ಹಿಡುವಳಿಯಲ್ಲಿಯೂ ಅನುಸರಿಸಬಹುದು.

ಹುಲ್ಲುಗಾವಲನ್ನು ಸಾಧ್ಯವಾದಮಟ್ಟಿಗೆ ನಾಲ್ಕು ಭಾಗ ಮಾಡಿ ಒಂದಾದ ಮೇಲೊಂದರಲ್ಲಿ ಮೇಯಿಸತಕ್ಕದ್ದು. ಹುಲ್ಲು ಗೇಣುದ್ದ ಬೆಳೆದಾಗ ಕುದುರೆಯನ್ನು ಬಿಡುವುದು; ನಾಲ್ಕು ಬೆರಳಿನಷ್ಟಕ್ಕೆ ಇಳಿದಾಗ ಹೊರಡಿಸುವುದು. ಇದಕ್ಕೆ ದಿನಗಳ ಲೆಕ್ಕವನ್ನು ಹಿಡಿಯಬಾರದು. ಆರಿದ್ರೆ, ಪುನರ್ವಸು ಮಳೆಗಳಲ್ಲಿ ಬೇಗನೆ ಚಿಗುರುವ ಹುಲ್ಲು ಬೇಸಗೆಯಲ್ಲಿ ತಿಂಗಳುಗಟ್ಟಲೆ ಚಿಗುರದೆ ಇರಬಹುದು. ಅಂತಹ ಕಾಲದಲ್ಲಿ ಒಂದೇ ಭಾಗದಲ್ಲಿ ಕುದುರೆಯನ್ನಿಟ್ಟು ಒಣಹುಲ್ಲನ್ನು ಹಾಕಿ, ಉಳಿದ ಮೂರು ಭಾಗಗಳನ್ನು ಕಾಪಾಡುವುದೇ ಲಾಭಕರ.

ಕುದುರೆಯು ಬಿಟ್ಟ ಭಾಗಕ್ಕೆ ದನಗಳನ್ನು ಹೊಡೆಯುವುದು ಬಹಳ ಉಪಯುಕ್ತ. ಕುದುರೆ ಮುಟ್ಟದ ಒರಟು ಹುಲ್ಲನ್ನು ಅವು ತಿನ್ನುತ್ತವೆ. ಕುದುರೆಯ ಹೊಟ್ಟೆಯ ಹುಳುಗಳಲ್ಲಿ ಬಹುಪಾಲು ದನದ ಹೊಟ್ಟೆಯಲ್ಲಿ ಬದುಕಲಾರವಾದುದರಿಂದ ನೆಲವೂ ಶುದ್ಧವಾಗುತ್ತದೆ. ವಾರಕ್ಕೆ ಎರಡು ಸಲ ಲದ್ದಿಯನ್ನು ಆಯ್ದು ತಿಪ್ಪೆಗೆ ಸೇರಿಸತಕ್ಕದ್ದು. ತಿಪ್ಪೆಯನ್ನು ಮಗುಚಿ ಹಾಕಿ ಒಳಗಿನದೆಲ್ಲ ಚೆನ್ನಾಗಿ ಕಾಯುವಂತೆ ಮಾಡಿದರೆ ಕಳೆಯ ಬೀಜವೂ ಹುಳುವಿನ ಮೊಟ್ಟೆಯೂ ಸಾಯುತ್ತವೆ. ಹಸಿಯ ಲದ್ದಿಯನ್ನು ಕುದುರೆ ಮೇಯುವ ನೆಲಕ್ಕೆ ಎರಚಕೂಡದು.

3. ಕಳೆಯನ್ನು ತೆಗೆಯುವ ಕ್ರಮ

ಎಲ್ಲ ಕಳೆಗಳಿಗೂ ಒಂದೇ ಉಪಾಯ ಸಲ್ಲದು. ಬೀಜದಿಂದ ಹರಡುವುದನ್ನು ಹೂವಿಗೆ ಮುಂಚೆ, ಬುಡದಿಂದ ಚಿಗುರುವುದನ್ನು ಬೇರುಸಹಿತ, ಗೆಡ್ಡೆಯಿಂದ ಹರಡುವುದನ್ನು ನೆರಳಿನಿಂದ ಅಡಗಿಸಬೇಕು.

ಪಾರ್ಥೇನಿಯಂ ಅಥವಾ ಕಾಂಗ್ರೆಸ್ ಗಿಡ: ಇದು 1955ರಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ಅನಂತರ ದೇಶವನ್ನೆಲ್ಲ ವ್ಯಾಪಿಸಿತು. ಒಂದು ದೊಡ್ಡ ಗಿಡವು ಸಾವಿರಗಟ್ಟಲೆ ಬೀಜ ಕೊಡುತ್ತದೆ. ಮೊಳೆತು ಒಂದೂವರೆ ತಿಂಗಳೊಳಗೇ ಹೂಬಿಡಬಲ್ಲದು. ಮಳೆ ಬಿದ್ದು ನೆಲ ನೆನೆದಿರುವಾಗ, ಹೂವಿಗೆ ಮುಂಚೆಯೇ ಬೇರುಸಹಿತ ಕೀಳತಕ್ಕದ್ದು. ಒಂದು ಸಲ ಕಿತ್ತರೆ ಸಾಲದು. ಪ್ರತಿ ಹದಮಳೆಯ ತರುವಾಯವೂ ನೋಡಬೇಕು. ಇದರಿಂದ ಮೈ ತುರಿಕೆಯೂ ಉಬ್ಬಸವೂ ಬರುವುದರಿಂದ ಕೀಳುವವರು ಕೈಚೀಲ ಹಾಕಿ, ಮೂಗುಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಈ ಗಿಡದ ಎಲೆಯನ್ನು ತಿನ್ನುವ ಮೆಕ್ಸಿಕೋ ದೇಶದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಮಳೆಗಾಲದಲ್ಲಿ ಅದು ಸಹಾಯ ಮಾಡುತ್ತದೆ. ಒಣಗಾಲದಲ್ಲಿ ಮಣ್ಣಿನೊಳಗೆ ಅಡಗಿರುತ್ತದೆ. ಆದಕಾರಣ ದುಂಬಿಯನ್ನೇ ನಂಬಿ ಕೈಕಟ್ಟಿ ಕೂರಬಾರದು.

ಲಂಟಾನ: ಅಲಂಕಾರಕ್ಕೆಂದು ಹೊರದೇಶದಿಂದ ಬಂದ ಈ ಪೊದೆಯನ್ನು ಮೇಲೆ ಕಡಿದು ಸುಟ್ಟರೆ ಬುಡದಿಂದ ಮತ್ತೆ ಇನ್ನಷ್ಟು ಒತ್ತಾಗಿ ಚಿಗುರುತ್ತದೆ. ಬುಡದ ಸುತ್ತ ಮಣ್ಣು ಸರಿಸಿ, ನೆಲಮಟ್ಟಕ್ಕಿಂತ ಎರಡು ಮೂರು ಬೆರಳು ಕೆಳಗೆ ತಾಯಿಬೇರನ್ನು ಕಡಿದು, ಪೊದೆಯನ್ನು ಎತ್ತಿ ತಲೆಕೆಳಗಾಗಿ ನಿಲ್ಲಿಸಿ ಒಣಗಿಸಬೇಕು. ಹಕ್ಕಿಗಳು ಹಣ್ಣನ್ನು ತಿಂದು ಮರದಡಿಯಲ್ಲಿ ಬೀಜ ಬೀಳಿಸುವುದರಿಂದ, ಮುಂದಿನ ಎರಡು ಮಳೆಗಾಲ ಮರಗಳ ಬುಡವನ್ನು ತಪ್ಪದೆ ನೋಡತಕ್ಕದ್ದು.

ಜೇಕು: ಇದನ್ನು ನೇಗಿಲಿನಿಂದ ಉತ್ತರೆ ಗೆಡ್ಡೆಗಳು ಬಿಡಿಬಿಡಿಯಾಗಿ ಹೊಲವನ್ನೆಲ್ಲ ತುಂಬುತ್ತವೆ. ಜೇಕು ನೆರಳನ್ನು ಸಹಿಸದು. ಹುಲ್ಲು ಎತ್ತರವಾಗಿ ದಟ್ಟವಾಗಿ ಬೆಳೆಯುವಂತೆ ಮಾಡಿದರೆ ತಾನಾಗಿಯೇ ಕ್ಷೀಣಿಸುತ್ತದೆ.

ತಗಚೆ, ಉತ್ತರಾಣಿ ಮೊದಲಾದುವು: ಇವನ್ನು ಹೂ ಮೂಡುವ ಸಮಯಕ್ಕೆ ಕುಡುಗೋಲಿನಿಂದ ಸವರಿದರೆ ಬೀಜವಾಗುವುದು ತಪ್ಪುತ್ತದೆ. ಲದ್ದಿಯ ಎಡೆಯ ಒರಟು ಹುಲ್ಲನ್ನೂ ಜೊತೆಯಲ್ಲಿಯೇ ಸವರತಕ್ಕದ್ದು.

ಅಗಲವಾದ ಎಲೆಯ ಕಳೆಗಳನ್ನು ಕೊಂದು ಹುಲ್ಲನ್ನು ಉಳಿಸುವ 2,4-ಡಿ ಎಂಬ ಔಷಧವನ್ನು ಬಳಸುವವರು, ಡಬ್ಬಿಯ ಮೇಲೆ ಬರೆದಿರುವ ಪ್ರಮಾಣವನ್ನೂ ಕಾಲಾವಧಿಯನ್ನೂ ಮೀರಬಾರದು. ಔಷಧದಿಂದ ಬಾಡಿದ ವಿಷಗಿಡವನ್ನು ಕುದುರೆಯು ಹಸಿಯ ಗಿಡಕ್ಕಿಂತ ಸುಲಭವಾಗಿ ತಿಂದುಬಿಡುತ್ತದೆ. ಗಿಡಗಳು ಪೂರ್ತಿ ಸತ್ತು, ಅವನ್ನು ತೆಗೆಯುವವರೆಗೆ ಆ ಭಾಗಕ್ಕೆ ಕುದುರೆಯನ್ನು ಬಿಡಕೂಡದು.

4. ವಿಷದ ಗಿಡಗಳು

ಕುದುರೆಗೆ ವಾಂತಿ ಮಾಡುವ ಶಕ್ತಿಯಿಲ್ಲ. ಒಳಗೆ ಹೋದ ವಿಷ ಹೊರಗೆ ಬರುವ ದಾರಿಯಿಲ್ಲದುದರಿಂದ ಮುನ್ನೆಚ್ಚರಿಕೆಯೇ ಮುಖ್ಯ.

ಕಣಗಿಲೆಯ ಕೆಲವು ಹಿಡಿ ಎಲೆಗಳೇ ಕುದುರೆಯ ಪ್ರಾಣಕ್ಕೆ ಸಾಕು. ಅದು ಹೃದಯವನ್ನು ಕೆಡಿಸುತ್ತದೆ. ಒಣಗಿದ ಎಲೆಯಲ್ಲಿಯೂ ವಿಷವಿರುತ್ತದೆ. ಇದನ್ನು ಹುಲ್ಲುಗಾವಲಿನ ಬೇಲಿಗೆ ನೆಡಬಾರದು. ಕತ್ತರಿಸಿದ ಕೊಂಬೆಗಳನ್ನು ಬೇಲಿಯಾಚೆಯಿಂದ ಒಳಕ್ಕೆ ಎಸೆಯಬಾರದು. ಹರಳಿನ ಬೀಜ, ಉಮ್ಮತ್ತಿಯ ಬೀಜ ಇವೂ ಅಪಾಯಕರ. ದಾಣಿಯಲ್ಲಿ ಬೆರೆಯದಂತೆ ನೋಡಿಕೊಳ್ಳಬೇಕು.

ಒಣಗಿದ ಕಾಯಿಯನ್ನು ಅಲ್ಲಾಡಿಸಿದರೆ ಗಿಲಕಿಯಂತೆ ಸದ್ದು ಮಾಡುವ, ಹಳದಿ ಹೂವಿನ, ಸೆಣಬಿನ ಜಾತಿಯ ಕಾಡುಗಿಡಗಳು ಇನ್ನೂ ಮೋಸದವು. ಇವುಗಳಲ್ಲಿ ಹಲವು ಕುದುರೆಯ ಯಕೃತ್ತನ್ನಲ್ಲದೆ ಬೇರಾವುದನ್ನೂ ಮೊದಲು ಮುಟ್ಟುವುದಿಲ್ಲವೆಂದು ತಿಳಿಯಬಾರದು. ಯಕೃತ್ತೇ ಮುಖ್ಯವಾಗಿ ಕೆಡುತ್ತದೆ, ಕೆಲವು ಜಾತಿಗಳಿಂದ ಶ್ವಾಸಕೋಶವೂ ಕೆಡುತ್ತದೆ. ತಿಂದ ದಿನ ಏನೂ ತೋರದೆ, ವಾರಗಳೋ ತಿಂಗಳುಗಳೋ ಕಳೆದ ಮೇಲೆ ಪ್ರಾಣಿಯು ಬಡವಾಗಿ, ಮಂಕಾಗಿ, ಗೊತ್ತುಗುರಿಯಿಲ್ಲದೆ ನಡೆಯುತ್ತ, ಗೋಡೆಗೆ ತಲೆಯನ್ನು ಒತ್ತಿ ನಿಲ್ಲುತ್ತದೆ. ಆ ವೇಳೆಗೆ ಚಿಕಿತ್ಸೆಯ ಕಾಲ ಮೀರಿರುತ್ತದೆ. ಹಸುರುಗೊಬ್ಬರಕ್ಕೆ ಬೆಳೆಯುವ ಸೆಣಬಿನ ಬೀಜವನ್ನೂ ಕುದುರೆಗೆ ಹಾಕಕೂಡದು.

ಹೊಟ್ಟೆ ತುಂಬಿದ ಕುದುರೆಯು ಇಂತಹ ಗಿಡಗಳನ್ನು ಸಾಮಾನ್ಯವಾಗಿ ಮೂಸಿ ಬಿಡುತ್ತದೆ. ಹುಲ್ಲು ತೀರಿದ ನೆಲದಲ್ಲಿ ಹಸಿವಿನಿಂದಲೂ, ಒಣಮೇವಿನಲ್ಲಿ ಗುರುತು ತಿಳಿಯದೆಯೂ ತಿನ್ನುತ್ತದೆ. ಆದುದರಿಂದ ಹುಲ್ಲು ಕೊಯ್ದು ಬಣವೆ ಹಾಕುವ ಮುಂಚೆ ಹೊಲವನ್ನು ಸುತ್ತಿ ವಿಷಗಿಡಗಳನ್ನು ಆಯ್ದು ತೆಗೆಯತಕ್ಕದ್ದು. ಕುದುರೆಯು ವಿಷ ತಿಂದಿರುವ ಸಂದೇಹ ಬಂದರೆ ಅದನ್ನು ನಡೆಸದೆ, ದುಡಿಸದೆ, ಕೂಡಲೆ ಪಶುವೈದ್ಯರನ್ನು ಕರೆಸಿ, ತಿಂದ ಗಿಡದ ಕೊಂಬೆಯೊಂದನ್ನು ತೋರಿಸಬೇಕು.

5. ಹುಲ್ಲನ್ನು ಹೆಚ್ಚಿಸುವುದು

ಕಳೆ ಕಿತ್ತ ಗುಳಿಯನ್ನು ಹಾಗೆಯೇ ಬಿಟ್ಟರೆ ಮುಂದಿನ ಮಳೆಗೆ ಅಲ್ಲಿಯೇ ಮತ್ತೊಂದು ಕಳೆ ಹುಟ್ಟುತ್ತದೆ. ಮುಂಗಾರು ಹಿಡಿದ ಮೇಲೆ ಗರಿಕೆಯ ಬಳ್ಳಿಗಳನ್ನು ಗಿಣ್ಣುಸಹಿತ ತುಂಡುಮಾಡಿ, ಗೇಣಿಗೊಂದರಂತೆ ನೆಟ್ಟು ಮಣ್ಣು ತುಳಿಯಬೇಕು; ಚೆನ್ನಾಗಿ ಬೇರೂರುವವರೆಗೆ ಮೇಯಿಸಬಾರದು. ಗರಿಕೆಯು ತುಳಿತವನ್ನು ಸಹಿಸಿ ನೆಲವನ್ನು ಹೊದೆಯುತ್ತದೆ. ರೋಡ್ಸ್ ಹುಲ್ಲೂ ಕುದುರೆಗೆ ಒಗ್ಗುತ್ತದೆ. ದನಗಳಿಗೆ ಉತ್ತಮವಾದ ಗಿನಿಹುಲ್ಲೊಂದನ್ನೇ ಕುದುರೆಗೆ ಬಹುಕಾಲ ಮೇಯಿಸುವುದು ಸರಿಯಲ್ಲ. ಅದರಲ್ಲಿರುವ ಆಕ್ಸಲೇಟ್ ಎಂಬ ಪದಾರ್ಥವು ಸುಣ್ಣದ ಸತ್ವವು ಮೈಗೆ ಹತ್ತದಂತೆ ಮಾಡುವುದರಿಂದ ಮೂಳೆಗಳು ಮೆದುವಾಗಿ ಮುಖ ಊದಿಕೊಳ್ಳುತ್ತದೆ.

6. ಗ್ರಾಮದ ಹೊಣೆ

ಕಳೆಗೆ ಬಾಂದಿನ ಕಲ್ಲು ಗೊತ್ತಿಲ್ಲ. ಒಬ್ಬ ರೈತನು ತನ್ನ ಹುಲ್ಲುಬನ್ನಿಯನ್ನು ಶುದ್ಧವಾಗಿಟ್ಟರೂ ಗೋಮಾಳ, ಕೆರೆಯ ಏರಿ, ದಾರಿಯ ಪಕ್ಕ ಇವುಗಳಲ್ಲಿ ಕಾಂಗ್ರೆಸ್ ಗಿಡವು ಹೂಬಿಟ್ಟರೆ ಅವನ ಶ್ರಮ ವ್ಯರ್ಥವಾಗುತ್ತದೆ. ಗ್ರಾಮದ ಮುಖಂಡರು ಮೃಗಶಿರೆಯ ಮಳೆಯ ತರುವಾಯ ಒಂದು ದಿವಸವನ್ನೂ, ಮಖೆಯ ಮಳೆಯಲ್ಲಿ ಇನ್ನೊಂದು ದಿವಸವನ್ನೂ ಗೊತ್ತುಮಾಡಿ, ಮನೆಗೊಂದು ಆಳಿನಂತೆ ಸೇರಿಸಿ ಸಾರ್ವಜನಿಕ ಜಾಗಗಳ ಕಳೆಯನ್ನು ಕೀಳಿಸಿದರೆ, ಒಬ್ಬೊಬ್ಬರಿಗೂ ಆಗುವ ಖರ್ಚು ಬಹಳ ಕಡಿಮೆಯಾಗುತ್ತದೆ. ಹೊರಗಿನಿಂದ ಮೇವು ಕೊಳ್ಳುವವರು ಅದರೊಂದಿಗೆ ಕಳೆಯ ಬೀಜ ಬಾರದಂತೆ ನೋಡಿ ಕೊಳ್ಳತಕ್ಕದ್ದು.

ಸಾರಾಂಶ

(1) ಹುಲ್ಲು ನಾಲ್ಕು ಬೆರಳಿಗೆ ಇಳಿಯುವಾಗ ಕುದುರೆಯನ್ನು ಬೇರೆ ಭಾಗಕ್ಕೆ ಸಾಗಿಸಬೇಕು.
(2) ಕುದುರೆಯ ಹಿಂದೆ ದನಗಳನ್ನು ಮೇಯಿಸಬೇಕು. ಲದ್ದಿಯನ್ನು ವಾರಕ್ಕೆ ಎರಡು ಸಲ ಆಯಬೇಕು.
(3) ಕಳೆಯನ್ನು ಹೂವಿಗೆ ಮುಂಚೆ ತೆಗೆಯಬೇಕು. ತೆಗೆದ ಎಡೆಯಲ್ಲಿ ಗರಿಕೆ ನೆಡಬೇಕು.
(4) ಕಣಗಿಲೆ, ಹರಳು, ಉಮ್ಮತ್ತಿ, ಗಿಲಕಿಯ ಕಾಯಿಯ ಗಿಡಗಳನ್ನು ಹುಲ್ಲುಗಾವಲಿನಲ್ಲಿಯೂ ಬಣವೆಯಲ್ಲಿಯೂ ಇರಗೊಡಬಾರದು.
(5) ವರ್ಷಕ್ಕೆ ಎರಡು ಸಲ ನೂರು ಹೆಜ್ಜೆಯ ಪರೀಕ್ಷೆ ಮಾಡಿ ಬರೆದಿಡಬೇಕು. ಬರಿಯ ನೆಲದ ಲೆಕ್ಕ ಕಡಿಮೆಯಾದಂತೆಲ್ಲ ಕಳೆಯ ಕೂಲಿಯೂ ಕಡಿಮೆಯಾಗುವುದು.