ಘಟ್ಟ ಇಳಿಯುವ ಮುನ್ನ

ಪ್ರಶ್ನೆ: ನನಗೆ 67, ನನ್ನ ಹೆಂಡತಿಗೆ 63. ಬ್ಯಾಂಕಿನಿಂದ ನಿವೃತ್ತನಾಗಿ ಏಳು ವರ್ಷವಾಯಿತು. ದಿನಾ ಬೆಳಿಗ್ಗೆ ಇಬ್ಬರೂ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಐದು ಕಿಲೋಮೀಟರ್ ನಡೆಯುತ್ತೇವೆ. ಈ ನವೆಂಬರಿನಲ್ಲಿ ನಮ್ಮದೇ ಕಾರಿನಲ್ಲಿ ಮಡಿಕೇರಿ, ಮಂಗಳೂರು, ಉಡುಪಿ, ಗೋಕರ್ಣ, ಕಾರವಾರ ನೋಡಿಕೊಂಡು, ಹೊನ್ನಾವರದಿಂದ ಘಾಟಿ ಹತ್ತಿ ಜೋಗ, ತೀರ್ಥಹಳ್ಳಿ, ಆಗುಂಬೆ, ಶೃಂಗೇರಿ, ಚಿಕ್ಕಮಗಳೂರಿನ ಮೇಲೆ ಮನೆಗೆ ಮರಳುವ ಆಸೆ. ಮೂರು ವರ್ಷದ ಹಿಂದೆ ನನಗೊಂದು ಸ್ಟೆಂಟ್ ಹಾಕಿದ್ದಾರೆ. ಬಿ.ಪಿ. ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ನಡೆದಿವೆ. ಅವಳಿಗೆ ಸಂಜೆಯಾದರೆ ಪಾದ ಊದುತ್ತದೆ. ಹೊರದೇಶದಲ್ಲಿರುವ ಮಗ ‘ಈ ವಯಸ್ಸಿನಲ್ಲಿ ಬೇಕಾ’ ಎನ್ನುತ್ತಾನೆ. ದಿನಕ್ಕೆ 250 ಕಿ.ಮೀ.ನಂತೆ ಐದು ದಿನದಲ್ಲಿ ಮುಗಿಸಬಹುದಲ್ಲವೇ?
— ಹೆಸರು ಬೇಡ, ಮೈಸೂರು

ಉತ್ತರ: ಹೋಗಿ ಬನ್ನಿ. ಮಗ ಕೇಳಿದರೆ ಡಾಕ್ಟರೇ ಹೇಳಿದರು ಅನ್ನಿ. ಆದರೆ ಐದು ದಿನದಲ್ಲಿ ಬೇಡ, ಹನ್ನೆರಡು ದಿನ ಇಟ್ಟುಕೊಳ್ಳಿ.

ನೀವು ಬರೆದ ಸುತ್ತು ಸುಮಾರು 1,100 ಕಿ.ಮೀ. ಆಗುತ್ತದೆ. ಬಯಲುಸೀಮೆಯ ಹೆದ್ದಾರಿಯಲ್ಲಿ 250 ಕಿ.ಮೀ. ಎಂದರೆ ತಿಂಡಿ ತಿಂದು ಹೊರಟು ಊಟದ ಹೊತ್ತಿಗೆ ಮುಟ್ಟುವ ದೂರ. ಸಂಪಾಜೆ ಘಾಟಿ ಸೇರಿದರೆ ಅದೇ 250 ಇಡೀ ದಿನ ತಿನ್ನುತ್ತದೆ. ನಿಮ್ಮಂಥ ಗಟ್ಟಿಮುಟ್ಟಾದ ಹಿರಿಯರನ್ನು ನನ್ನ ಕ್ಲಿನಿಕ್‌ಗೆ ತಂದು ಕೂರಿಸುವುದು ಹತ್ತಿದ ಬೆಟ್ಟವಾಗಲಿ ಈಜಿದ ಕಡಲಾಗಲಿ ಅಲ್ಲ, ಏಳದೆ ಕೂತ ಗಂಟೆಗಳು. ಆದ್ದರಿಂದ ಕಿಲೋಮೀಟರಿನ ಲೆಕ್ಕ ಬಿಟ್ಟು, ಕೂತ ಹೊತ್ತಿನ ಲೆಕ್ಕ ಇಡಿ.

ಮೀನಖಂಡದ ಸ್ನಾಯು ಕುಗ್ಗಿ ಹಿಗ್ಗಿದಾಗಲೇ ಕಾಲಿನ ರಕ್ತ ಮೇಲಕ್ಕೆ ಹತ್ತುವುದು. ಮಂಡಿ ಮಡಿಸಿ ಅಲುಗಾಡದೆ ಕೂತರೆ ಅದು ಅಲ್ಲೇ ನಿಂತು ಒಮ್ಮೊಮ್ಮೆ ಹೆಪ್ಪುಗಟ್ಟುತ್ತದೆ. ನಾಲ್ಕು ಗಂಟೆ ಮೀರಿದ ಪ್ರಯಾಣದಲ್ಲಿ ಈ ಅಪಾಯ ಸುಮಾರು ಇಮ್ಮಡಿಯಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ. ವಿಮಾನವೇ ಆಗಬೇಕಿಲ್ಲ, ಕಾರು, ಬಸ್ಸು, ರೈಲಿಗೂ ಇದು ಸಲ್ಲುತ್ತದೆ. ಹೆದರಬೇಡಿ, ಇಮ್ಮಡಿಯಾದರೂ ಸುಮಾರು ಆರು ಸಾವಿರದಲ್ಲಿ ಒಬ್ಬರಿಗೆ ಆಗುವ ತೊಂದರೆ ಅದು. ಇಲ್ಲಿ ಹೆಚ್ಚು ಎಚ್ಚರ ಬೇಕಾದ್ದು ನಿಮಗಲ್ಲ, ನಿಮ್ಮ ಮನೆಯವರಿಗೆ. ಓಡಿಸುವವರ ಕಾಲು ಬ್ರೇಕು, ಕ್ಲಚ್ಚು ಎಂದು ಏನಾದರೂ ಮಾಡುತ್ತಿರುತ್ತದೆ. ಪಕ್ಕದಲ್ಲಿ ಕೂತವರ ಕಾಲಬುಡದಲ್ಲಿ ಚಕ್ಕುಲಿ ಡಬ್ಬ, ನೀರಿನ ಬಾಟಲಿ, ಚಪ್ಪಲಿ ಕವರು. ಪಾದ ಚಾಚಲೂ ಜಾಗವಿರುವುದಿಲ್ಲ. ಆ ಸಾಮಾನನ್ನೆಲ್ಲ ಹಿಂದಿನ ಸೀಟಿಗೆ ಸಾಗಿಸಿ. ಕೂತಲ್ಲೇ ಹಿಮ್ಮಡಿ ಊರಿ ಬೆರಳೆತ್ತುವುದು, ಬೆರಳೂರಿ ಹಿಮ್ಮಡಿ ಎತ್ತುವುದು, ಅರ್ಧ ಗಂಟೆಗೊಮ್ಮೆ ಇಪ್ಪತ್ತು ಸಲ ಮಾಡಲಿ.

ಎರಡು ಗಂಟೆಗೊಮ್ಮೆ ಗಾಡಿ ನಿಲ್ಲಿಸಿ, ಇಳಿದು, ಹತ್ತು ನಿಮಿಷ ನಡೆಯಿರಿ. ನಿಮ್ಮ ದಾರಿಯಲ್ಲಿ ನಿಲ್ಲಲು ನೆಪಕ್ಕೇನೂ ಬರವಿಲ್ಲ. ಮರವಂತೆಯಲ್ಲಿ ಒಂದು ಕಡೆ ಸೌಪರ್ಣಿಕಾ, ಇನ್ನೊಂದು ಕಡೆ ಅರಬ್ಬಿ ಸಮುದ್ರ. ಅಲ್ಲಿ ಕಿಟಕಿ ಇಳಿಸಿ ಫೋಟೋ ತೆಗೆದು ಮುಂದೆ ಹೋಗುವವರನ್ನು ಕಂಡರೆ ನನಗೆ ಡಾಕ್ಟರಾಗಿಯೂ ಸಿಟ್ಟು, ರಸಿಕನಾಗಿಯೂ ಸಿಟ್ಟು. ಹೊನ್ನಾವರದಲ್ಲಿ ಶರಾವತಿ ಕಡಲು ಸೇರುವುದನ್ನು ನೋಡಲು ನಿಂತರೆ ಅದೇ ಇನ್ನೊಂದು ವ್ಯಾಯಾಮ.

ಎರಡೂ ಪಾದ ಸಂಜೆ ಊದಿ, ರಾತ್ರಿ ಮಲಗೆದ್ದರೆ ಇಳಿಯುತ್ತದೆ ಎಂದಾದರೆ ಅದು ಬಹುಪಾಲು ಜೋತುಬಿಟ್ಟ ಕಾಲಿನದು, ಇಲ್ಲವೇ ಅಮ್ಲೋಡಿಪಿನ್ ಎಂಬ ಬಿ.ಪಿ. ಮಾತ್ರೆಯದು. ಅವರ ಚೀಟಿಯಲ್ಲಿ ಆ ಹೆಸರಿದೆಯೇ ನೋಡಿ. ಇದ್ದರೆ ನೀವಾಗಿ ನಿಲ್ಲಿಸಬೇಡಿ, ಬರೆದುಕೊಟ್ಟವರಿಗೆ ಹೇಳಿ. ಊತದ ಜೊತೆ ಏದುಸಿರೂ ಇದ್ದರೆ ಹೊರಡುವ ಮೊದಲೇ ಪರೀಕ್ಷೆ ಆಗಬೇಕು. ಆದರೆ ಒಂದೇ ಕಾಲು ಊದಿ, ಮೀನಖಂಡ ಒತ್ತಿದರೆ ನೋವು, ಮುಟ್ಟಿದರೆ ಬಿಸಿ ಎನಿಸಿದರೆ ಅವತ್ತೇ ಆಸ್ಪತ್ರೆ. ಆ ಕಾಲನ್ನು ತಿಕ್ಕಿ ನೀವಬೇಡಿ. ‘ಸ್ಟೆಂಟಿಗೆಂದು ರಕ್ತ ತೆಳು ಮಾಡುವ ಮಾತ್ರೆ ತಗೊಳ್ತೀನಲ್ಲ, ನನಗೆ ಹೆಪ್ಪುಗಟ್ಟುವುದಿಲ್ಲ’ ಎಂಬ ಧೈರ್ಯವೂ ಬೇಡ. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಮುಖ್ಯವಾಗಿ ಅಪಧಮನಿಯನ್ನು ಕಾಯುವ ಮಾತ್ರೆಗಳು. ಕಾಲಿನ ಅಭಿಧಮನಿಗೆ ಅವುಗಳನ್ನು ನಂಬಿ ಕೂರುವಂತಿಲ್ಲ.

ಇನ್ನು ನಿಮ್ಮ ಹೃದಯದ ವಿಚಾರ. ಎರಡು ಮಹಡಿ ಮೆಟ್ಟಿಲನ್ನು ಎದೆನೋವು, ಏದುಸಿರು ಇಲ್ಲದೆ ಹತ್ತುತ್ತೀರಾದರೆ, ಕಳೆದ ತಿಂಗಳುಗಳಲ್ಲಿ ಮಾತ್ರೆ ಬದಲಾಗಿಲ್ಲವಾದರೆ, ಕಾರು ಓಡಿಸಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಹೊರಡುವ ಎರಡು ವಾರ ಮೊದಲು ನಿಮ್ಮ ಹೃದಯತಜ್ಞರಿಗೊಮ್ಮೆ ಮುಖ ತೋರಿಸಿ ಒಪ್ಪಿಗೆ ಪಡೆಯಿರಿ. ಕೊನೆಯ ಇ.ಸಿ.ಜಿ.ಯ ಒಂದು ಪ್ರತಿ ಪರ್ಸಿನಲ್ಲಿರಲಿ. ಮೊಬೈಲಿನಲ್ಲಿ ಫೋಟೋ ಇದ್ದರೆ ಸಾಲದು. ಬ್ಯಾಟರಿ ಮುಗಿಯುವುದು ಅದು ಬೇಕಾದ ದಿನವೇ. ಹಳೆಯ ಇ.ಸಿ.ಜಿ. ಪಕ್ಕದಲ್ಲಿಟ್ಟು ನೋಡಿದರೆ ಗುರುತಿಲ್ಲದ ಊರಿನ ವೈದ್ಯನಿಗೂ ಹೊಸದೇನು, ಹಳೆಯದೇನು ಎಂದು ನಿಮಿಷದಲ್ಲಿ ಗೊತ್ತಾಗುತ್ತದೆ.

ಕೆರೆ ಏರಿಯ ನಡಿಗೆ ಸಮತಟ್ಟಿನದು ಎಂಬುದು ನೆನಪಿರಲಿ. ಜೋಗದಲ್ಲಿ ಬುಡದವರೆಗೆ ಸುಮಾರು 1,400 ಮೆಟ್ಟಿಲು. ಇಳಿಯುವಾಗ ಮೊಮ್ಮಕ್ಕಳ ಹುರುಪು, ಇಳಿದದ್ದಷ್ಟನ್ನೂ ಹತ್ತುವಾಗ ಇರುವುದು ನಮ್ಮದೇ ವಯಸ್ಸು. ನೀವು ಅದನ್ನು ಕೈಬಿಟ್ಟು 253 ಮೀಟರ್ ಜಲಪಾತವನ್ನು ಮೇಲಿನಿಂದಲೇ ನೋಡಿ. ನವೆಂಬರ್ ಹೊತ್ತಿಗೆ ನೀರೂ ಸೊರಗಿರುತ್ತದೆ. ಸ್ವಲ್ಪವಾದರೂ ಇಳಿದೇ ತೀರುತ್ತೇವೆ ಎಂದರೆ ಮರುದಿನ ಗಾಡಿ ಓಡಿಸುವ ಕೆಲಸ ಇಟ್ಟುಕೊಳ್ಳಬೇಡಿ. ಮೆಟ್ಟಿಲಿಳಿದ ತೊಡೆ ನೋಯುವುದು ಅವತ್ತಲ್ಲ, ಮರುದಿನ, ಅದರಾಚೆ ದಿನ. ಆ ತೊಡೆಯಿಂದಲೇ ಬ್ರೇಕು ಒತ್ತಬೇಕು. (ಆಗುಂಬೆಯ ಹದಿನಾಲ್ಕು ತಿರುವಿನ ಚಿಂತೆ ನಿಮಗಿಲ್ಲ. ಅವು ಸೋಮೇಶ್ವರದ ಕಡೆ ಇಳಿಯುವವರಿಗೆ. ತೀರ್ಥಹಳ್ಳಿಯಿಂದ ಶೃಂಗೇರಿಗೆ ಹೋಗುವ ನೀವು ಘಟ್ಟದ ಮೇಲೇ ಇರುತ್ತೀರಿ.)

ಸಂಜೆ ಆರಕ್ಕೆ ಗಾಡಿಗೆ ಬೀಗ. ವಯಸ್ಸಾದ ಕಣ್ಣಿನ ಪಾಪೆ ಕತ್ತಲಲ್ಲಿ ಮೊದಲಿನಷ್ಟು ಅರಳುವುದಿಲ್ಲ. ಪೊರೆ ಕಟ್ಟಲು ಶುರುವಾಗಿದ್ದರೆ ಎದುರಿನ ಲಾರಿಯ ದೀಪ ಒಡೆದ ಗಾಜಿನಂತೆ ಚದುರಿ ಕಾಣುತ್ತದೆ. ಕಣ್ಣು ಪರೀಕ್ಷೆ ಮಾಡಿಸಿದಾಗಲೇ ನಿಮ್ಮ ಲೈಸೆನ್ಸಿನ ತಾರೀಖನ್ನೂ ನೋಡಿಕೊಳ್ಳಿ. ನಿಮ್ಮ ವಯಸ್ಸಿನವರಿಗೆ ಐದು ವರ್ಷಕ್ಕೊಮ್ಮೆ ನವೀಕರಣ, ಅದಕ್ಕೆ ವೈದ್ಯರ ಪ್ರಮಾಣಪತ್ರವೂ ಬೇಕು. ಫಾರಂ ತಂದು ‘ಸೀಲು ಹಾಕಿ ಕೊಡಿ ಸಾರ್’ ಎಂದು ಬಾಗಿಲಲ್ಲೇ ನಿಲ್ಲುವವರನ್ನು ನಾನು ಒಳಗೆ ಕರೆದು ಕಣ್ಣು ಪರೀಕ್ಷಿಸಿಯೇ ಕಳಿಸುವುದು. ಅದಕ್ಕೇ ನನ್ನ ಮೇಲೆ ಕೆಲವರಿಗೆ ಮುನಿಸು.

ಕೊನೆಯದಾಗಿ, ರಾತ್ರಿ ತಂಗುವ ಪ್ರತಿ ಊರಿಗೂ ಹತ್ತಿರದ ದೊಡ್ಡ ಆಸ್ಪತ್ರೆ ಯಾವುದೆಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮಂಗಳೂರು, ಮಣಿಪಾಲದವರೆಗೆ ಚಿಂತೆಯಿಲ್ಲ. ಉತ್ತರ ಕನ್ನಡಕ್ಕೆ ಸುಸಜ್ಜಿತ ಆಸ್ಪತ್ರೆ ಬೇಕೆಂದು ಅಲ್ಲಿನ ಜನ ವರ್ಷಗಳಿಂದ ಕೇಳುತ್ತಿರುವುದು ನಿಮಗೂ ಗೊತ್ತಿರಬೇಕು; ಗಂಭೀರವಾದರೆ ಅಲ್ಲಿಯವರು ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಓಡುತ್ತಾರೆ. ಆದರೂ ಎದೆನೋವು ಬಂದರೆ ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆಗೇ ಹೋಗಿ. 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲೇ ಇ.ಸಿ.ಜಿ. ತೆಗೆದು, ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡುವ ಏರ್ಪಾಡಿದೆ. ಆಂಬುಲೆನ್ಸಿಗೆ 108, ಹೆದ್ದಾರಿಯಲ್ಲಿ 1033. ನಾಲಿಗೆಯಡಿ ಇಡುವ ಮಾತ್ರೆಯನ್ನು ನಿಮ್ಮ ವೈದ್ಯರು ಕೊಟ್ಟಿದ್ದರೆ ಗಾಡಿ ನಿಲ್ಲಿಸಿ, ಕೂತುಕೊಂಡೇ ಇಡಿ. ನಿಂತು ಇಟ್ಟರೆ ಬಿ.ಪಿ. ಇಳಿದು ಬೀಳಬಹುದು. ಅದಾದ ಮೇಲೆ ಸ್ಟೀರಿಂಗ್ ಮುಟ್ಟುವುದು ಬೇಡ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ, 61 ವರ್ಷ. ಗೆಳತಿಯರೆಲ್ಲ ಸೇರಿ ವರ್ಷಕ್ಕೆರಡು ಸಲ ವ್ಯಾನು ಮಾಡಿಕೊಂಡು ಪ್ರವಾಸ ಹೋಗುತ್ತೇವೆ. ದಾರಿಯಲ್ಲಿ ಶೌಚಾಲಯದ ತೊಂದರೆ ಎಂದು ನಾನು ಸಂಜೆಯವರೆಗೆ ನೀರೇ ಕುಡಿಯುವುದಿಲ್ಲ. ಪ್ರತಿ ಸಲವೂ ಊರಿಗೆ ಬಂದ ಮೇಲೆ ಉರಿಮೂತ್ರ. ಏನು ಮಾಡಲಿ?
— ದಾವಣಗೆರೆಯಿಂದ ಓದುಗರು

ಉತ್ತರ: ನೀವೊಬ್ಬರೇ ಅಲ್ಲಮ್ಮ, ನಮ್ಮ ನಾಡಿನ ಅರ್ಧದಷ್ಟು ಹೆಂಗಸರು ಪ್ರವಾಸದ ದಿನ ಹೀಗೆ ಉಪವಾಸ ಮಾಡುತ್ತಾರೆ. ತಪ್ಪು ನಿಮ್ಮದಲ್ಲ, ಹೆಣ್ಣುಮಕ್ಕಳಿಗೆ ಯೋಗ್ಯವಾದ ಶೌಚಾಲಯ ಕಟ್ಟದ ರಸ್ತೆಗಳದು. ಆದರೆ ದಂಡ ಕಟ್ಟುವುದು ನಿಮ್ಮ ಮೂತ್ರಕೋಶ. ನೀರು ಕಡಿಮೆಯಾಗಿ, ಮೂತ್ರ ಕಟ್ಟಿ ನಿಂತಲ್ಲಿ ರೋಗಾಣು ಬೆಳೆಯುತ್ತವೆ. ಮುಟ್ಟು ನಿಂತ ಮೇಲೆ ಆ ಭಾಗದ ಒಳಪದರ ತೆಳುವಾಗಿ ಸೋಂಕು ಇನ್ನೂ ಬೇಗ ಹತ್ತುತ್ತದೆ. ಹಿರಿಯರಲ್ಲಿ ಕೆಲವೊಮ್ಮೆ ಉರಿಯೂ ಇಲ್ಲದೆ, ಬರೀ ಮಂಕು, ತಡವರಿಕೆಯ ಮಾತಾಗಿ ಈ ಸೋಂಕು ಕಾಣಿಸಿಕೊಳ್ಳುವುದುಂಟು.

ಒಮ್ಮೆಗೇ ಒಂದು ಲೀಟರ್ ಕುಡಿದರೆ ಅರ್ಧ ಗಂಟೆಯಲ್ಲೇ ಅವಸರವಾಗುವುದು ಸಹಜ. ಗಂಟೆಗೊಂದು ಅರ್ಧ ಲೋಟದಂತೆ ಗುಟುಕು ಗುಟುಕಾಗಿ ಕುಡಿಯಿರಿ. ಕಾಫಿ, ಟೀ ಬೇಗ ಅವಸರ ತರುತ್ತವೆ. ಹೊರಡುವ ಮುನ್ನದ ಎರಡನೇ ಲೋಟ ಬಿಡಿ. ಕರಾವಳಿಗೆ ಹೋದಾಗಲಂತೂ ನೀರು ಬಿಡಲೇಬೇಡಿ. ಅಲ್ಲಿ ಬೆವರು ಆರುವುದಿಲ್ಲ, ಸುರಿಯುತ್ತದೆ. ದಾವಣಗೆರೆಯ ಒಣ ಬಿಸಿಲಿಗೆ ಒಗ್ಗಿದ ಮೈಗೆ ಎಷ್ಟು ಹೋಯಿತೆಂದೇ ತಿಳಿಯುವುದಿಲ್ಲ. ಎಳನೀರು, ಉಪ್ಪು ಹಾಕಿದ ಮಜ್ಜಿಗೆ ಒಳ್ಳೆಯವು. ಮೂತ್ರಪಿಂಡದ ತೊಂದರೆ ಇದ್ದವರು ಎಳನೀರಿಗೆ, ಬಿ.ಪಿ., ಹೃದಯದ ತೊಂದರೆ ಇದ್ದವರು ಉಪ್ಪಿಗೆ ವೈದ್ಯರನ್ನು ಕೇಳಿಕೊಳ್ಳಿ.

ಊಟಕ್ಕೆ ಹೋಟೆಲು ಹುಡುಕುವಾಗ ರುಚಿ ಎರಡನೆಯದು, ಶೌಚಾಲಯ ಮೊದಲನೆಯದು ಎಂದು ನಿಮ್ಮ ಗುಂಪಿನಲ್ಲೇ ಒಂದು ಠರಾವು ಮಾಡಿಬಿಡಿ. ಡ್ರೈವರಿಗೆ ‘ಸ್ವಲ್ಪ ನಿಲ್ಸಪ್ಪಾ’ ಎನ್ನಲು ಸಂಕೋಚಪಟ್ಟು ಒಬ್ಬರ ಮುಖ ಒಬ್ಬರು ನೋಡುತ್ತ ಕೂರುವುದು ಬೇಡ. ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆ ಬೆಳಿಗ್ಗೆ ನುಂಗುತ್ತಿದ್ದರೆ, ಪ್ರಯಾಣದ ದಿನ ಮಾತ್ರ ಹೊತ್ತು ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ. ಮಾತ್ರೆಯನ್ನೇ ತಪ್ಪಿಸುವವರಿದ್ದಾರೆ, ಅದು ಕೂಡದು.

ಈ ಪತ್ರ ಓದುತ್ತಿರುವ ಯಜಮಾನರಿಗೂ ಒಂದು ಮಾತು. ಪ್ರಾಸ್ಟೇಟ್ ದಪ್ಪಗಾಗಿರುವವರು ದಾರಿಯಲ್ಲಿ ನೆಗಡಿಯಾಯಿತೆಂದು ಅಂಗಡಿಯಿಂದ ಮಾತ್ರೆ ಕೊಂಡು ನುಂಗಬೇಡಿ. ನೆಗಡಿ ಮಾತ್ರೆಗಳಲ್ಲಿ ಕೆಲವು ಮೂತ್ರವನ್ನೇ ಕಟ್ಟಿಬಿಡುತ್ತವೆ. ಪ್ರವಾಸದ ನಡುವೆ, ರಾತ್ರಿ ಹನ್ನೊಂದಕ್ಕೆ, ಗುರುತಿಲ್ಲದ ಊರಿನಲ್ಲಿ ಕೊಳವೆ ಹಾಕಿಸಿಕೊಂಡು ಬಂದವರನ್ನು ನಾನು ಕಂಡಿದ್ದೇನೆ.

ಪ್ರಶ್ನೆ: ಅಮ್ಮನಿಗೆ 70, ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಗ್ಲಿಮೆಪಿರೈಡ್ ಮಾತ್ರೆ, ರಾತ್ರಿ ಇನ್ಸುಲಿನ್. ಧಾರವಾಡದಿಂದ ಗೋಕರ್ಣ, ಮುರ್ಡೇಶ್ವರಕ್ಕೆ ಕರೆದೊಯ್ಯಬೇಕು. ಇನ್ಸುಲಿನ್ ಹೇಗೆ ಒಯ್ಯುವುದು?
— ಧಾರವಾಡದಿಂದ ಓದುಗರು

ಉತ್ತರ: ಬಳಸುತ್ತಿರುವ ಪೆನ್ನು ಅಥವಾ ಬಾಟಲಿ 30 ಡಿಗ್ರಿ ಮೀರದ ಕಡೆ ಸಾಮಾನ್ಯವಾಗಿ ನಾಲ್ಕು ವಾರ ಕೆಡುವುದಿಲ್ಲ. ಮುಚ್ಚಳ ಒಡೆಯದ ದಾಸ್ತಾನಿಗೆ ಮಾತ್ರ 2ರಿಂದ 8 ಡಿಗ್ರಿ ತಂಪು ಬೇಕು. ಆದ್ದರಿಂದ ಕೆಡಿಸುವುದು ಪ್ರವಾಸವಲ್ಲ, ಬಿಸಿಲಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರು. ದೇವರ ದರ್ಶನಕ್ಕೆ ಇಳಿದಾಗ ಇನ್ಸುಲಿನ್ ಅಮ್ಮನ ಕೈಚೀಲದಲ್ಲಿ ಇಳಿಯಲಿ, ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಉಳಿಯಬಾರದು. ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಕುಡಿಕೆಯ ಉಪಾಯ ಧಾರವಾಡದ ಒಣಗಾಳಿಗೆ ಸರಿ. ಗೋಕರ್ಣದ ಹವೆಯಲ್ಲಿ ಆ ಬಟ್ಟೆ ಆರುವುದೇ ಇಲ್ಲ, ತಂಪೂ ಆಗುವುದಿಲ್ಲ. ಅಗಲ ಬಾಯಿಯ ಫ್ಲಾಸ್ಕಿಗೆ ತಣ್ಣೀರು ಹಾಕಿ ಅಲುಗಿಸಿ ಚೆಲ್ಲಿ, ಇನ್ಸುಲಿನ್ನನ್ನು ಟವೆಲಿನಲ್ಲಿ ಸುತ್ತಿ ಒಳಗಿಡಿ. ಐಸಿಗೆ ನೇರ ತಾಗಿಸಬೇಡಿ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಪ್ರಯೋಜನವಿಲ್ಲ.

ನನಗೆ ಇದಕ್ಕಿಂತ ದೊಡ್ಡ ಚಿಂತೆ ಆ ಗ್ಲಿಮೆಪಿರೈಡ್. ಅದನ್ನು ನುಂಗಿ ಆದ ಮೇಲೆ ‘ಇಲ್ಲಿ ಬೇಡ, ಮುಂದೆ ಒಳ್ಳೆ ಹೋಟೆಲಿದೆ’ ಎಂದು ಊಟ ಮುಂದೂಡಿದರೆ ಸಕ್ಕರೆ ಕುಸಿಯುತ್ತದೆ. ತಟ್ಟೆ ಎದುರಿಗೆ ಬರುವವರೆಗೆ ಮಾತ್ರೆ ಕೈಗೆ ಕೊಡಬೇಡಿ. ಬೆವರು, ನಡುಕ, ಇದ್ದಕ್ಕಿದ್ದಂತೆ ರೇಗಾಟ ಕಂಡರೆ ಮೂರು ಚಮಚ ಸಕ್ಕರೆಯನ್ನು ನೀರಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಪರೀಕ್ಷಿಸಿ, ಏರದಿದ್ದರೆ ಮತ್ತೆ ಕುಡಿಸಿ. ಧಾರವಾಡ ಪೇಡೆ ಈ ಹೊತ್ತಿಗಲ್ಲ. ಹಾಲಿನ ಕೊಬ್ಬಿನಿಂದಾಗಿ ಅದರ ಸಕ್ಕರೆ ರಕ್ತಕ್ಕೆ ನಿಧಾನ ಸೇರುತ್ತದೆ.

ಪ್ರಶ್ನೆ: ಘಾಟಿ ರಸ್ತೆಯಲ್ಲಿ ವಾಂತಿ. ಮಾತ್ರೆ ತಗೊಳ್ಳಬಹುದೇ? ವಯಸ್ಸು 66.
— ತುಮಕೂರು

ಉತ್ತರ: ಮುಂದಿನ ಸೀಟಿನಲ್ಲಿ ಕೂತು ದೂರದ ಗುಡ್ಡ ನೋಡಿ. ಮೊಬೈಲು ಚೀಲದಲ್ಲಿರಲಿ. ಖಾಲಿ ಹೊಟ್ಟೆಯೂ ಬೇಡ, ಹೊಟ್ಟೆ ತುಂಬ ಎಣ್ಣೆ ತಿಂಡಿಯೂ ಬೇಡ. ವಾಂತಿ ತಡೆಯುವ ಪ್ರೊಮೆಥಜಿನ್‌ನಂಥ ಮಾತ್ರೆ ಹಿರಿಯರಲ್ಲಿ ತೂಕಡಿಕೆ, ಮಂಕು, ಮೂತ್ರ ಕಟ್ಟುವಿಕೆ ತರುತ್ತದೆ. ಗ್ಲಾಕೋಮಾ ಇದ್ದರೆ ಇನ್ನೂ ತೊಂದರೆ. ವೈದ್ಯರನ್ನು ಕೇಳದೆ ನುಂಗಬೇಡಿ. ಗಾಡಿ ಓಡಿಸುವವರಂತೂ ಮುಟ್ಟಲೇಬಾರದು.

ಪ್ರಶ್ನೆ: ಜನವರಿಯಲ್ಲಿ ಸಾಗರ, ತೀರ್ಥಹಳ್ಳಿ ಕಡೆ ನಾವು ನಾಲ್ವರು ಹಿರಿಯರು ಕಾಡಿನ ಹಾದಿಯಲ್ಲೂ ನಡೆಯಬೇಕೆಂದಿದ್ದೇವೆ. ಮಂಗನ ಕಾಯಿಲೆಯ ಭಯ.
— ಬೆಂಗಳೂರು

ಉತ್ತರ: ಕಾಯಿಲೆ ಮೊದಲು ಕಂಡದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗು, ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ನೀವು ಹೊರಟಿರುವುದು ಸರಿಯಾಗಿ ಅದರ ನಡುವೆ. ಡಾಂಬರು ರಸ್ತೆಯಲ್ಲಿ ಹೋಗಿ ಬರುವವರಿಗೆ ಅಂಜಿಕೆಯಿಲ್ಲ. ತರಗೆಲೆ ತುಳಿದು ನಡೆಯುವುದಾದರೆ ಉದ್ದ ತೋಳಿನ ಅಂಗಿ ತೊಡಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತುರುಕಿ, ಆರೋಗ್ಯ ಇಲಾಖೆ ಹಂಚುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ. ಸಂಜೆ ಬಿಸಿನೀರ ಸ್ನಾನ ಮಾಡಿ, ಕಂಕುಳು, ಮಂಡಿಯ ಹಿಂಭಾಗ ತಡವಿ ನೋಡಿಕೊಳ್ಳಿ. ಸತ್ತ ಮಂಗ ಕಂಡ ಜಾಗದತ್ತ ಹೋಗಲೇಬೇಡಿ; ಊರಿನವರು ‘ಆ ಕಡೆ ಬೇಡ’ ಎಂದರೆ ಮಾತು ಕೇಳಿ. ಉಣುಗು ಕಚ್ಚಿ ಹಿಡಿದಿದ್ದರೆ ಚಿಮುಟದಿಂದ ಚರ್ಮಕ್ಕೆ ತಾಗಿದಲ್ಲೇ ಹಿಡಿದು ನೆಟ್ಟಗೆ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿಯ ಪ್ರಯೋಗ ಬೇಡ. ಕಚ್ಚಿದ ಮೂರರಿಂದ ಎಂಟು ದಿನದಲ್ಲಿ ಜ್ವರ ಬರಬಹುದು. ಅಷ್ಟರಲ್ಲಿ ನೀವು ಬೆಂಗಳೂರಿಗೆ ಮರಳಿರುತ್ತೀರಿ, ಅಲ್ಲಿನ ವೈದ್ಯರಿಗೆ ಡೆಂಗ್ಯೂ ನೆನಪಾದೀತೇ ಹೊರತು ಮಂಗನ ಕಾಯಿಲೆಯಲ್ಲ. ‘ಸಾಗರದ ಕಾಡಿಗೆ ಹೋಗಿದ್ದೆವು’ ಎಂದು ನೀವೇ ಬಾಯಿಬಿಟ್ಟು ಹೇಳಬೇಕು.

ಪ್ರಶ್ನೆ: ಊಟವಾದ ಮೇಲೆ ಸ್ಟೀರಿಂಗ್ ಹಿಡಿದರೆ ಕಣ್ಣು ಕೂರುತ್ತದೆ. ಹಾಡು ಹಾಕಿದರೂ ಪ್ರಯೋಜನವಿಲ್ಲ. ವಯಸ್ಸು 64.
— ಹಾಸನ

ಉತ್ತರ: ಮಧ್ಯಾಹ್ನ ಎರಡರಿಂದ ನಾಲ್ಕು ಮೈ ತಾನಾಗಿ ಮಂಕಾಗುವ ಹೊತ್ತು, ಅನ್ನ, ಸಾರು, ಪಾಯಸ ಅದಕ್ಕೆ ಜೊತೆ ಕೊಡುತ್ತವೆ ಅಷ್ಟೆ. ಹಾಡಾಗಲಿ ಕಿಟಕಿಯ ಗಾಳಿಯಾಗಲಿ ನಿದ್ದೆಯನ್ನು ಓಡಿಸಲಾರವು. ನೆರಳಿರುವ, ಜನ ಓಡಾಡುವ ಕಡೆ ಗಾಡಿ ನಿಲ್ಲಿಸಿ, ಗಾಜು ಇಳಿಸಿ, ಸೀಟು ಹಿಂದಕ್ಕೆ ಒರಗಿಸಿ ಇಪ್ಪತ್ತು ನಿಮಿಷ ಮಲಗಿ. ಎದ್ದು ಮುಖ ತೊಳೆದು ಐದು ನಿಮಿಷ ಅಡ್ಡಾಡಿದ ಮೇಲೆಯೇ ಹೊರಡಿ. ರಾತ್ರಿ ಜೋರು ಗೊರಕೆ, ಹಗಲೆಲ್ಲ ತೂಕಡಿಕೆ ಇದ್ದರೆ ಅದು ಊಟದ ತಪ್ಪಲ್ಲ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರಬಹುದು. ಅದರ ಪರೀಕ್ಷೆ ಆಗುವವರೆಗೆ ಕೀಲಿ ಬೇರೆಯವರ ಕೈಯಲ್ಲಿರಲಿ.