ಛತ್ರಿ ಮೊದಲು, ಡಬ್ಬಿ ಆಮ್ಯಾಲ

ಟಿಕೋಟಾದ ತೋಟದ ವಸ್ತಿಗೆ, ಬಬಲೇಶ್ವರದ ಹೊಸ ಮನಿಗೆ ಟಿವಿ ಡಬ್ಬಿ ತರಾಕ ಹೊಂಟ ನಮ್ಮ ಹುಡುಗರಿಗೆ ಈ ನಾಕು ಮಾತು. ಟಿವಿ ರಿಪೇರಿ ಮಾಡಿಕೋತನ ಕೂದಲ ಬೆಳ್ಳಗ ಮಾಡಿಕೊಂಡಾಂವ ನಾ, ಕೇಳಿದ್ರ ಕೇಳ್ರಿ. ನೀವು ವಿಜಯಪುರಕ್ಕ ಹೋಗ್ತೀರಿ, ಡಬ್ಬಿ ಮ್ಯಾಲ ದೊಡ್ಡ ಅಕ್ಷರದಾಗ ಇಷ್ಟು ನೂರು ಚಾನೆಲ್ ಅಂತ ಬರದದ್ದು ನೋಡ್ತೀರಿ, ರೊಕ್ಕ ಕೊಟ್ಟು ಬರ್ತೀರಿ. ಆಮ್ಯಾಲ ಡಿಶ್ ಛತ್ರಿ ಎಲ್ಲೆ ಹಚ್ಚೂದು, ಮನ್ಯಾಗ ಯಾರು ಏನು ನೋಡ್ತಾರ ಅಂತ ವಿಚಾರ ಮಾಡ್ತೀರಿ. ನಾ ಹೇಳೂದು ಇದರ ಉಲ್ಟಾ.

• ಮೊದಲು ಮನ್ಯಾಗ ಕೇಳು ತಮ್ಮಾ, ಅಂಗಡ್ಯಾಗ ಅಲ್ಲ. ಅವ್ವ ಸಂಜೀಕ ಏನು ನೋಡ್ತಾಳ? ಅಪ್ಪಗ ಸುದ್ದಿ ಸಾಕೋ, ಕ್ರಿಕೆಟ್ಟೂ ಬೇಕೋ? ಸೊಸಿ ಯಾವ ಊರಾಕಿ? ನಗಬ್ಯಾಡ, ಕಡೀ ಪ್ರಶ್ನಿ ಭಾಳ ದೊಡ್ಡದು. ಕನಮಡಿ, ಹೊನವಾಡ ಕಡೆ ಜತ್ತ, ಸಾಂಗಲಿಯಿಂದ ಬಂದ ಸೊಸೆಂದಿರು ಇರ್ತಾರ, ಅವರಿಗೆ ಮರಾಠಿ ಬೇಕು. ದೂರದರ್ಶನದ ಮರಾಠಿ ಚಾನೆಲ್ ಸಹ್ಯಾದ್ರಿ, ಅವರದ ಪುಕ್ಕಟ ಡಿಶ್ ಸೇವಾ ಫ್ರೀ ಡಿಶ್‌ನಾಗ ಬರ್ತೈತಿ. ದೊಡ್ಡ ಮರಾಠಿ ಚಾನೆಲ್ಲಿನ ಧಾರಾವಾಹಿ ಬೇಕಂದ್ರ ರೊಕ್ಕದ ಡಬ್ಬೀನ ಬೇಕು. ಇದನ್ನ ಕೇಳಲಾರದ ತಂದ ಡಬ್ಬಿ ಒಂದು ತಿಂಗಳದಾಗ ಮಾಡದಾಗ ಧೂಳು ತಿಂತೈತಿ.

• ಪುಕ್ಕಟದ್ದೋ, ರೊಕ್ಕದ್ದೋ ಅನ್ನೂದು ಎರಡನೇ ಮಾತು. ದೂರದರ್ಶನದ ಫ್ರೀ ಡಿಶ್ 2004ರ ಡಿಸೆಂಬರ್‌ದಾಗ ‘ಡಿಡಿ ಡೈರೆಕ್ಟ್ ಪ್ಲಸ್’ ಅನ್ನೋ ಹೆಸರಿಲೆ 33 ಚಾನೆಲ್ ಇಟ್ಟುಕೊಂಡು ಸುರು ಆತು. ಛತ್ರಿ, ಡಬ್ಬಿ, ವೈರ್ ಎಲ್ಲಾ ಸೇರಿ ಒಮ್ಮೆ ಸುಮಾರು 2,000 ರೂಪಾಯಿ ಖರ್ಚು. ಆಮ್ಯಾಲ ರಿಚಾರ್ಜ್ ಅನ್ನೋ ಮಾತಿಲ್ಲ. ದೂರದರ್ಶನದ ಕನ್ನಡ ಚಾನೆಲ್ ಚಂದನ ಬರ್ತೈತಿ, ಅದರಾಗ ಕೃಷಿ ಕಾರ್ಯಕ್ರಮ, ನಾ. ಸೋಮೇಶ್ವರ ಅವರ ‘ಥಟ್ ಅಂತ ಹೇಳಿ’. ಆದ್ರ ಜೀ ಕನ್ನಡ, ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ, ಉದಯ ಇವೆಲ್ಲಾ ರೊಕ್ಕದ ಚಾನೆಲ್. ‘ಇದರಾಗ ಎಲ್ಲಾ ಬರ್ತಾವ್ರಿ’ ಅಂತ ಅಂಗಡಿಯಾಂವ ಅಂದ್ರ, ‘ಹಂಗಾದ್ರ ಈಗ ಹಚ್ಚಿ ತೋರಿಸ್ರಿ’ ಅನ್ನು. ಮತ್ತೊಂದು ತಿಳಕೊ. ಫ್ರೀ ಡಿಶ್‌ನಾಗಿನ ಖಾಸಗಿ ಚಾನೆಲ್ಲಿನ ಜಾಗಾ ಪ್ರಸಾರ ಭಾರತಿ ಹರಾಜು ಹಾಕ್ತೈತಿ. ಹರಾಜು ಹಿಡದಾಂವ ಇರ್ತಾನ, ಬಿಟ್ಟಾಂವ ಹೋಗ್ತಾನ. 2019ರ ಮಾರ್ಚ್‌ದಾಗ ಸ್ಟಾರ್, ಜೀ, ಸೋನಿ, ವಯಾಕಾಮ್ ನಾಕೂ ಮಂದಿ ತಮ್ಮ ಹಿಂದಿ ಚಾನೆಲ್ ಒಮ್ಮೆಲೆ ಕಿತ್ತುಕೊಂಡು ಹೋಗಿದ್ರು, ಮರುವರ್ಷ ತಿರುಗಿ ಬಂದ್ರು. ಅದಕ್ಕ ಇವತ್ತಿನ ಚಾನೆಲ್ ಪಟ್ಟಿ ನೋಡಿ ಡಬ್ಬಿ ತಗೋಬ್ಯಾಡ.

ನನ್ನ ಲೆಕ್ಕ ಹೇಳ್ತೀನಿ. ಆಳು ಮಕ್ಕಳು, ವಯಸ್ಸಾದವರು ಇರೋ ವಸ್ತಿಗೆ ಫ್ರೀ ಡಿಶ್ ಧಾರಾಳ ಸಾಕು. ರಾತ್ರಿ ಎಂಟರಿಂದ ಹತ್ತರ ತನಕ ಧಾರಾವಾಹಿ ಬಿಡಲಾರದ ಮನಿಗೆ ಫ್ರೀ ಡಿಶ್ ಹಚ್ಚಿ ರೊಕ್ಕ ಉಳಿಸ್ತೀನಿ ಅನ್ನಬ್ಯಾಡ, ಆ ಜಗಳ ಬಿಡಿಸಾಕ ನಾ ಬರೂದಿಲ್ಲ.

• ರೊಕ್ಕದ್ದು ಅಂತ ಗಟ್ಟಿ ಆದ್ರ, 2019ರ ಫೆಬ್ರುವರಿಯಿಂದ ಒಂದೊಂದೇ ಚಾನೆಲ್ ಆರಿಸಿ ತಗೋಳೋ ಹಕ್ಕು ನಿನಗೈತಿ. ಪ್ರತಿ ಚಾನೆಲ್ಲಿಗೂ ಅದರದ ದರ ಇರ್ತೈತಿ. ಯಾರೂ ನೋಡಲಾರದ ಚಾನೆಲ್ ತುಂಬಿದ ಪ್ಯಾಕ್ ಒಪ್ಪಿಕೋಬ್ಯಾಡ. ಚಾನೆಲ್ ದರದ ಮ್ಯಾಲ ನೆಟ್‌ವರ್ಕ್ ಶುಲ್ಕ ಒಂದು ಐತಿ. ಮೊದಲು ಅದಕ್ಕ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಮಿತಿ ಹಾಕಿತ್ತು, 2024ರ ಜುಲೈದಾಗ ಆ ಮಿತಿ ತಗದು ಕಂಪನಿಗಳ ಇಚ್ಛಾಕ್ಕ ಬಿಡ್ತು. ಅದಕ್ಕ ಎರಡು ಕಂಪನಿ ಕೇಳಿ ನೋಡು, ಜಿಎಸ್‌ಟಿ ಸೇರಿಸಿ ತಿಂಗಳಿಗೆ ಒಟ್ಟು ಎಷ್ಟು ಅನ್ನೂದನ್ನ ಚೀಟಿ ಮ್ಯಾಲ ಬರಿಸಿಕೊ.

• ಈಗ ಛತ್ರಿ. ನಮ್ಮ ಜಿಲ್ಲಾದ ಮಂದಿಗೆ ಇದು ಹೊಸಾದಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ಇಸ್ರೋ, ನಾಸಾ ಕೂಡಿ ಆರು ರಾಜ್ಯದ 2,400 ಹಳ್ಳಿಗೆ ಉಪಗ್ರಹದಿಂದ ನೇರ ಟಿವಿ ತೋರಿಸಿದ್ರು. ‘ಸೈಟ್’ ಅಂತ ಆ ಪ್ರಯೋಗದ ಹೆಸರು. ಕರ್ನಾಟಕದಾಗ ಅದಕ್ಕ ಆರಿಸಿದ್ದು ನಮ್ಮ ಬಿಜಾಪುರ (ಈಗಿನ ವಿಜಯಪುರ), ಕಲಬುರಗಿ, ರಾಯಚೂರು ಜಿಲ್ಲಾ. ಬೆಂಗಳೂರಿಗೇ ಟಿವಿ ಬಂದಿರಲಿಲ್ಲ ಆವಾಗ! ಕೋಳಿ ಗೂಡಿಗೆ ಹಾಕೋ ತಂತಿ ಜಾಳಗಿಯಿಂದ ಮಾಡಿದ ಹತ್ತು ಅಡಿ ಅಗಲದ ಛತ್ರಿ. ಉಪಗ್ರಹ ಆಫ್ರಿಕಾದ ಮ್ಯಾಲ ನಿಂತಿದ್ದಕ್ಕ ಆ ಛತ್ರಿ ಪಡುವಣಕ್ಕ ಮಾರಿ ಮಾಡಿತ್ತು. ಅದರ ತರಂಗ ಒಂದು ಅಡಿಗಿಂತ ಉದ್ದ, ಅದಕ್ಕ ಅಷ್ಟು ದೊಡ್ಡ ಛತ್ರಿ ಬೇಕಾಗಿತ್ತು. ಈಗಿನ ಕೆಯು ಬ್ಯಾಂಡಿನ ತರಂಗ ಮೂರು ಸೆಂಟಿಮೀಟರ್ ಒಳಗ, ಎರಡು ಅಡಿ ಛತ್ರಿ ಸಾಕು.

• ಇವತ್ತಿನ ದಿಕ್ಕು ಬ್ಯಾರೆ. ಫ್ರೀ ಡಿಶ್ ಬರೂದು ಜಿಸ್ಯಾಟ್-15 ಉಪಗ್ರಹದಿಂದ. ಅದು 93.5 ಡಿಗ್ರಿ ಪೂರ್ವ ರೇಖಾಂಶದ ಮ್ಯಾಲ ನಿಂತೈತಿ, ವಿಜಯಪುರ 75.7ರ ಮ್ಯಾಲ. ಅಂದ್ರ ನಮ್ಮಿಂದ ಅದು ನೆಟ್ಟಗ ಅಗ್ನಿಮೂಲಿಗೆ, ಆಕಾಶದಾಗ 60 ಡಿಗ್ರಿಗಿಂತ ತುಸು ಮ್ಯಾಲ. ರೊಕ್ಕದ ಕಂಪನಿಗಳಾಗ ಟಾಟಾ ಪ್ಲೇ 83 ಡಿಗ್ರಿದಾಗ ಐತಿ, ಛತ್ರಿ ಇನ್ನಷ್ಟು ದಕ್ಷಿಣಕ್ಕ ಹೊಳ್ಳಬೇಕು. ಏರ್‌ಟೆಲ್ 108ರ ಕಡೆ, ಅದು ಪೂರ್ವಕ್ಕ ಸರದು ತಗ್ಗಿನ್ಯಾಗ ಬರ್ತೈತಿ. ಡಿ2ಎಚ್ 88, ಡಿಶ್ ಟಿವಿ 95. ಎಲ್ಲಾ ಪೂರ್ವ, ದಕ್ಷಿಣದ ನಡುವನ. ಅಗ್ನಿಮೂಲಿ ಅಡಗಿ ಮನಿದು ಅಂತ ಯಾರರೆ ತಕರಾರು ತಗದ್ರ, ಉಪಗ್ರಹ ವಾಸ್ತು ಕೇಳೂದಿಲ್ಲ ಅನ್ನು.

• ಛತ್ರಿ ಎದುರುಮನಿ ಕಿಡಕಿ ನೋಡಾಕತ್ತಿದಂಗ ಕಾಣ್ತೈತಿ, ಆದ್ರ ಅದರ ಕಣ್ಣು ಭಾಳ ಮ್ಯಾಲ ಇರ್ತೈತಿ. ಅದಕ್ಕ ಎದುರಿನ ಗ್ವಾಡಿಗೆ ಸುಮ್ಮನ ಅಂಜಬ್ಯಾಡ. ಜಿಸ್ಯಾಟ್-15ಕ್ಕ ಲೆಕ್ಕ ಹಿಂಗ: ಅಡ್ಡ ಬರೋ ಗ್ವಾಡಿ ಹತ್ತು ಅಡಿ ದೂರ ಇದ್ರ, ಛತ್ರಿಗಿಂತ ಹದಿನೆಂಟು ಅಡಿ ಎತ್ತರದ ತನಕ ತೊಂದ್ರಿ ಇಲ್ಲ. ಗಿಡದ ವಿಚಾರ ಮಾತ್ರ ಬ್ಯಾರೆ. ಬ್ಯಾಸಗ್ಯಾಗ ಎಲಿ ಉದುರಿಸಿಕೊಂಡು ನಿಂತ ಗಿಡ ನೋಡಿ ಜಾಗಾ ಆರಿಸಿದ್ರ, ಮಳಿಗಾಲಕ್ಕ ಅದು ತುಂಬಿಕೊಂಡಾಗ ಟಿವಿ ಹೋತು. ಹಸಿ ಎಲಿ ಸಿಗ್ನಲ್ ನುಂಗ್ತೈತಿ.

• ಕಂಬ ಎಲ್ಲೆ ಹುಗೀತಿ ಅನ್ನೂದರ ಮ್ಯಾಲ ನಮ್ಮ ಕಡೆ ಎಲ್ಲಾ ನಿಂತೈತಿ. ಬಬಲೇಶ್ವರ, ಸಾರವಾಡ, ಡೋಣಿ ದಂಡಿ ಪೂರಾ ಎರಿ ಭೂಮಿ. ಮಳ್ಯಾಗ ಉಬ್ಬತೈತಿ, ಬ್ಯಾಸಗ್ಯಾಗ ಕೈ ಹೋಗುವಷ್ಟು ಬಿರಿತೈತಿ. ಅದರಾಗ ಬರೇ ಒಂದೂವರಿ ಅಡಿ ತಗ್ಗು ತೋಡಿ ಕಂಬ ನಿಲ್ಲಿಸಿದ್ರ, ಎಷ್ಟ ಸಿಮೆಂಟ್ ಹಾಕು, ಯುಗಾದಿ ಹೊತ್ತಿಗೆ ಕಂಬ ವಾಲಿರ್ತೈತಿ. ಎರಡು ಅಡಿ ಛತ್ರಿಗೆ ಒಂದೂವರಿ ಡಿಗ್ರಿ ವಾಲಿದ್ರ ಅರ್ಧ ಸಿಗ್ನಲ್ ಹೋತು, ಅಷ್ಟು ವಾಲಿದ್ದು ಕಣ್ಣಿಗೂ ಕಾಣೂದಿಲ್ಲ. ಮಂದಿ ಡಬ್ಬಿ ಕೆಟ್ಟೈತಿ ಅಂತ ಅಂಗಡಿಗೆ ಹೊತ್ತುಕೊಂಡು ಬರ್ತಾರ. ಅದಕ್ಕ ಆದಷ್ಟು ಮಾಳಗಿ ಮ್ಯಾಲ, ಸ್ಲ್ಯಾಬಿಗೆ ಬೋಲ್ಟ್ ಹೊಡದು ಹಚ್ಚು. ತಗಡಿನ ಮನಿ ಇದ್ರ ಕಲ್ಲಿನ ಗ್ವಾಡಿಗೆ ಹಚ್ಚು, ತಗಡಿಗೆ ಬ್ಯಾಡ. ಗಾಳಿಗೆ ತಗಡು ನಡುಗತೈತಿ. ನೆಲದಾಗನ ಹುಗೀಬೇಕಂದ್ರ ಗರಸು ಹತ್ತೂತನಕ ತೋಡು. ಗೌಂಡಿ ಕಡಿಂದ ದಾರಕ್ಕ ಕಟ್ಟಿದ ಗುಂಡು ಇಳಿಬಿಡಿಸಿ ಕಂಬ ನೆಟ್ಟಗೈತೇನು ನೋಡು. ಸಿಗ್ನಲ್ ಛಲೋ ಬಂದ ಮ್ಯಾಲ ಕಂಬ ಮತ್ತು ಛತ್ರಿ ಹಿಡಕಿ ಎರಡರ ಮ್ಯಾಲೂ ಸೇರಿ ಬಣ್ಣದ ಒಂದು ಗೆರಿ ಎಳಿ. ಗಾಳಿಗೆ ಹೊಳ್ಳಿದ್ರ ಗೆರಿಗೆ ಗೆರಿ ಕೂಡಿಸಿದ್ರ ಆತು, ಯಾರನ್ನೂ ಕರೀಬೇಕಾಗಿಲ್ಲ.

• ಈಗ ಡಬ್ಬಿ ಮಾತಾಡೂಣು. ಫ್ರೀ ಡಿಶ್‌ನಾಗ ಎಂಪೆಗ್-2 ಅಂತ ಹಳೇ ನಮೂನಿ ಚಾನೆಲ್ ಅದಾವ, ಎಂಪೆಗ್-4 ಅಂತ ಹೊಸಾವೂ ಅದಾವ. ಹಳೇ ಡಬ್ಬಿಗೆ ಹೊಸಾವು ಕಾಣೂದಿಲ್ಲ. ನೂರಿನ್ನೂರು ಹೆಚ್ಚಾದ್ರೂ ಡಿವಿಬಿ-ಎಸ್2, ಎಂಪೆಗ್-4 ಎರಡೂ ಬರದಿರೋ ಡಬ್ಬೀನ ತಗೊ. ಹಿಂದ ತಿರುವಿ ನೋಡು: ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಗುರ್ತು, ಅದರ ಕೆಳಗ ನೋಂದಣಿ ನಂಬರ್ ಇರಬೇಕು, ಸೆಟ್ ಟಾಪ್ ಬಾಕ್ಸಿಗೆ ಅದು ಕಡ್ಡಾಯ. ಮನ್ಯಾಗ ಹಳೇ ಡಬ್ಬಾ ಟಿವಿ ಇದ್ರ ಎಚ್‌ಡಿಎಂಐ ಜತಿಗೆ ಹಳದಿ, ಕೆಂಪು, ಬಿಳಿ ಪಿನ್ನಿನ ತೂತೂ ಬೇಕು.

ವಸ್ತಿಗಾದ್ರ ಮತ್ತೊಂದು ನೋಡು, 12 ವೋಲ್ಟ್ ಅಡಾಪ್ಟರ್ ಮ್ಯಾಲ ನಡಿಯೋ ಡಬ್ಬಿ. ಕರೆಂಟ್ ಹೋದಾಗ ಸೋಲಾರ್ ಬ್ಯಾಟರಿಗೆ ನೇರ ಹಚ್ಚಬಹುದು, 12 ವೋಲ್ಟಿನ ಸಣ್ಣ ಟಿವಿ ಇದ್ರ ಅದನ್ನೂ. ಅಡಾಪ್ಟರ್ ಸುಟ್ರ ಹೊಸಾದು ಅಗ್ಗಕ್ಕ ಸಿಗ್ತೈತಿ. ಒಳಗನ ಕರೆಂಟಿನ ಬೋರ್ಡ್ ಇರೋ ಡಬ್ಬಿ ಸುಟ್ರ ಪೂರಾ ಬಿಚ್ಚಬೇಕು. ರಿಮೋಟ್ ಬ್ಯಾರೆ ಸಿಗ್ತೈತೇನು ಅಂತ ಆವಾಗನ ಕೇಳು.

• ಹೊಸ ಟಿವಿ ತಗೊಂಡಿದ್ರ, ಡಬ್ಬಿ ತರೂಕಿಂತ ಮೊದಲು ಟಿವಿ ಹಿಂದ ಬಗ್ಗಿ ನೋಡು. ಛತ್ರಿ ವೈರ್ ತಿರುವಿ ಹಚ್ಚೋ ಥ್ರೆಡ್ಡಿನ ತೂತು ಕೆಲವದಕ್ಕ ಇರ್ತೈತಿ, ಬಾಜೂಕ ಎಲ್‌ಎನ್‌ಬಿ ಅಥವಾ ಸ್ಯಾಟಲೈಟ್ ಅಂತ ಬರದಿರ್ತಾರ. ಒಳಗನ ಟ್ಯೂನರ್ ಇರೋ ಇಂಥ ಟಿವಿಗೆ ಬಿಐಎಸ್ ಐಎಸ್ 18112 ಅಂತ ಒಂದು ಮಾನದಂಡನ ಮಾಡೈತಿ. ಪುಕ್ಕಟ ಚಾನೆಲ್ಲಿಗೆ ಅಂಥ ಟಿವಿಗೆ ಬ್ಯಾರೆ ಡಬ್ಬಿ ಬ್ಯಾಡ. ಅಂಗಡ್ಯಾಗ ಇದನ್ನ ಯಾರೂ ಹೇಳೂದಿಲ್ಲ.

• ವೈರ್, ಪಿನ್. ನೋಡಾಕ ಸಣ್ಣದು, ಕಾಡೂದು ಇದ. ಆರ್‌ಜಿ-6 ವೈರ್ ತಗೊ. ತುದಿ ಸುಲದಾಗ ಮ್ಯಾಲಿನ ಜಾಳಗಿ ಎಳಿ ಹಿಂದಕ್ಕ ಮಡಚು. ಅದರಾಗಿನ ಒಂದ ಕೂದಲೆಳಿ ನಡುವಿನ ತಂತಿಗೆ ತಾಗಿದ್ರೂ ಸಿಗ್ನಲ್ ಇಲ್ಲ. ನಡುವಿನ ತಂತಿ ಪಿನ್ನಿನ ಹೊರಗ ಉಗುರಿನ ತುದಿಯಷ್ಟು ಬರಬೇಕು. ಪಿನ್ ತಿರುವಿದ ಮ್ಯಾಲ ಟೇಪ್ ಸುತ್ತು, ವೈರ್ ಸ್ವಲ್ಪ ಕೆಳಗ ಜೋತುಬಿಟ್ಟು ಮ್ಯಾಲ ತಗೊಂಡು ಹೋಗು, ಮಳಿ ನೀರು ಅಲ್ಲೇ ತೊಟ್ಟಿಕ್ಕತೈತಿ, ಪಿನ್ನಿನ್ಯಾಗ ಇಳಿಯೂದಿಲ್ಲ. ಟಿಕೋಟಾ ಕಡೆಯವರಿಗೆ ಒಂದು ಬ್ಯಾರೆ ಮಾತು: ಒಣದ್ರಾಕ್ಷಿಗೆ ಗಂಧಕದ ಹೊಗಿ ಕೊಡೋ ಶೆಡ್ಡಿನ ಸನೇಕ ಛತ್ರಿ ಹಚ್ಚಬ್ಯಾಡ್ರಿ. ಆ ಹೊಗಿ ತಾಮ್ರ ತಿಂತೈತಿ. ಪಿನ್ ಬಿಚ್ಚಿ ನೋಡಿದ್ರ ತಂತಿ ಕರ್ರಗಾಗಿರ್ತೈತಿ.

• ಜೋರು ಮಳ್ಯಾಗ ಚಿತ್ರ ಹೋಗೂದು ಡಬ್ಬಿ ತಪ್ಪಲ್ಲ, ಕೆಯು ಬ್ಯಾಂಡಿನ ಗುಣ. ಮಾರ್ಚ್ ಮೊದಲಾರ್ಧ ಮತ್ತು ಸೆಪ್ಟೆಂಬರ್ ಕಡೀಕ ಸೂರ್ಯ ಉಪಗ್ರಹದ ಬೆನ್ನಿಗೆ ಬಂದು ನಿಲ್ತಾನ. ಆವಾಗ ಕೆಲವು ದಿನ ಮುಂಜಾನೆ ಹನ್ನೊಂದರ ಸುಮಾರಿಗೆ ಫ್ರೀ ಡಿಶ್ ಕೆಲವು ನಿಮಿಷ ಹೋಗಿ ಬರ್ತೈತಿ. ಮೆಕ್ಯಾನಿಕ್‌ನ್ನ ಕರದು ರೊಕ್ಕ ಕೊಡಬ್ಯಾಡ, ಚಹಾ ಕುಡಿ.

• ಕಂಪನಿ ಬದಲಿಸಿದ್ರ ಡಬ್ಬಿ ಬದಲಿಸಬೇಕು, ಒಬ್ಬರ ಕಾರ್ಡ್ ಇನ್ನೊಬ್ಬರ ಡಬ್ಬ್ಯಾಗ ನಡಿಯೂದಿಲ್ಲ. ಆದ್ರ ಛತ್ರಿ, ವೈರ್ ಬಹುತೇಕ ಅದ ನಡೀತೈತಿ, ದಿಕ್ಕು ತಿರುವಿದ್ರ ಸಾಕು. ‘ಎಲ್ಲಾ ಹೊಸಾದು ಬೇಕು’ ಅಂದಾಂವಗ ಯಾಕಂತ ಕೇಳು.

• ಮಗ ಜರ್ಮನಿಗೆ, ಮಗಳು ಲಂಡನ್ನಿಗೆ ಹೋದ ಮನಿಯವರು ಕೇಳ್ತಾರ: ‘ಇಲ್ಲಿ ಡಬ್ಬಿ ಅಲ್ಲೆ ಒಯ್ಲಾ?’ ಬ್ಯಾಡ. 2015ರ ನವೆಂಬರ್ 11ಕ್ಕ ಜಿಸ್ಯಾಟ್-15 ಮ್ಯಾಲ ಹೋತು, ಅದ ವಾರ 14ಕ್ಕ ಲಂಡನ್ನಿನ ಥೇಮ್ಸ್ ದಂಡಿಗೆ ನಮ್ಮ ಬಾಗೇವಾಡಿ ಬಸವಣ್ಣನ ಮೂರ್ತಿ ಅನಾವರಣ ಆತು. ಬಸವಣ್ಣ ಅಲ್ಲಿ ತನಕ ಮುಟ್ಟಿದ, ಜಿಸ್ಯಾಟ್ ಬೆಳಕು ಮುಟ್ಟೂದಿಲ್ಲ. ಅದು ಚೆಲ್ಲೂದು ಭಾರತದ ಮ್ಯಾಲ. ಅಲ್ಲಿ ಉಪಗ್ರಹನ ಬ್ಯಾರೆ. ಜರ್ಮನಿಗೆ 19.2 ಡಿಗ್ರಿ ಪೂರ್ವದ ಆಸ್ಟ್ರಾ, ಇಂಗ್ಲೆಂಡಿಗೆ 28.2ರ ಆಸ್ಟ್ರಾ, ಯುರೋಪಿನ ಭಾಳ ಕಡೆ 13ರ ಹಾಟ್ ಬರ್ಡ್. ಊರೂರು ಬದಲಿಸೋ ಕೆಲಸ ಇದ್ರ ಅಲ್ಲೇ ಒಂದು ಡಿವಿಬಿ-ಎಸ್2 ಡಬ್ಬಿ ತಗೋಬೇಕು, ಕಾರ್ಡಿಲ್ಲದ ಪುಕ್ಕಟ ಚಾನೆಲ್ಲಿನದು. ಅದನ್ನ ಎಲ್ಲೆ ಒಯ್ದ್ರೂ ದಿಕ್ಕು ತಿರುವಿ ಚಾನೆಲ್ ಹುಡುಕಿಸಿದ್ರ ಆತು. ಹಳೇ ಎಸ್‌ಡಿ ಡಬ್ಬಿ ಅಗ್ಗಕ್ಕ ಸಿಕ್ರೂ ಬ್ಯಾಡ; ಜರ್ಮನಿಯ ಎಆರ್‌ಡಿ 2025ರ ಜನವರಿಯಾಗ ಉಪಗ್ರಹದ ಎಸ್‌ಡಿ ಪ್ರಸಾರ ಬಂದ್ ಮಾಡೈತಿ. ಬಾಡಗಿ ಮನ್ಯಾಗ ಛತ್ರಿ ಹಚ್ಚಾಕ ಮಾಲಕರ ಒಪ್ಪಿಗಿ ಮೊದಲು ತಗೋಬೇಕು. ಕನ್ನಡಕ್ಕ ಅಲ್ಲೆ ಇಂಟರ್ನೆಟ್ಟ ಗತಿ. ಹಂಗ ಅವರು ಅಲ್ಲಿಂದ ತಂದುಕೊಟ್ಟ ಡಬ್ಬಿ ಇಲ್ಲೆ ಜರ್ಮನ್ ಚಾನೆಲ್ ತೋರಿಸೂದಿಲ್ಲ.

• ವಿಜಯಪುರ ಶಹರದ ಒತ್ತಟ್ಟಿನ ಓಣ್ಯಾಗ ಆಕಾಶನ ಕಾಣಲಾರದ ಮನಿ ಇದ್ರ ಛತ್ರಿ ಹಠ ಬಿಡು, ಕೇಬಲ್ ಅಥವಾ ಫೈಬರ್ ತಗೊ. ಮಾಳಗಿ ಮ್ಯಾಲಿನ ಹಳೇ ಕಡ್ಡಿ ಆಂಟೆನಾ ಇಳಿಸಿ ಮೋಡಕಾಕ್ಕ ಹಾಕು; ದೂರದರ್ಶನದ ಹಳೇ ಅನಲಾಗ್ ಟವರ್ ಬಹುತೇಕ 2022ರ ಹೊತ್ತಿಗೆ ಮುಚ್ಚ್ಯಾವ.

• ಬಿಲ್ ಇಸ್ಕೊ, ಅದರ ಮ್ಯಾಲ ಡಬ್ಬಿ ಸೀರಿಯಲ್ ನಂಬರ್ ಬರಿಸು. ಛತ್ರಿ ಹಚ್ಚಿ ಹೋಗೋ ಹುಡುಗನ ಕಡಿಂದ ಸಿಗ್ನಲ್ ತೋರ್ಸೋ ಪುಟ ರಿಮೋಟಿನ್ಯಾಗ ಎಲ್ಲೆ ಬರ್ತೈತಿ ಅಂತ ಕೇಳಿ ಕಲಿ, ಆವತ್ತು ಎಷ್ಟು ಪರ್ಸೆಂಟ್ ಇತ್ತು ಅನ್ನೂದನ್ನ ಅದ ಬಿಲ್ಲಿನ ಹಿಂದ ಬರದಿಡು. ನಾಳೆ ಫೋನ್ ಮಾಡಿದಾಗ ನಾ ಮೊದಲು ಕೇಳೂದು ಅದ.