ನಡುಗುವ ಎಂಜಿನ್, ಬೆಳೆಯುವ ಬಿಲ್ಲು

ಹೆಚ್ಚು ಶಕ್ತಿಯ ಕಾರೊಂದರ ಎಂಜಿನ್ ನಿಂತಲ್ಲೇ ನಡುಗತೊಡಗಿದಾಗ, ಅಥವಾ ಅದುವರೆಗೆ ಕೇಳದಿದ್ದ ಸದ್ದೊಂದನ್ನು ಹೊರಡಿಸಿದಾಗ, ಮಾಲೀಕರು ತೆರುವ ಹಣದ ದೊಡ್ಡ ಪಾಲು ಹಲವು ವೇಳೆ ದೋಷ ಎಲ್ಲಿದೆಯೆಂದು ತಿಳಿಯುವ ಮೊದಲೇ ಊಹೆಯ ಮೇಲೆ ಬದಲಾಯಿಸಿದ ಬಿಡಿಭಾಗಗಳಿಗೆ ಸಂದಾಯವಾಗಿರುತ್ತದೆ. ಕಿಡಿ ಹೊತ್ತಿಸುವ ಪ್ಲಗ್ ಬದಲಾಯಿಸಿ ನೋಡೋಣ, ಆಮೇಲೆ ಅದಕ್ಕೆ ವಿದ್ಯುತ್ ಒದಗಿಸುವ ಕಾಯಿಲ್, ಅದೂ ಅಲ್ಲದಿದ್ದರೆ ಇಂಧನ ಚಿಮ್ಮಿಸುವ ಇಂಜೆಕ್ಟರ್ ಎಂಬ ಕ್ರಮದಲ್ಲಿ ಸಾಗುವ ದುರಸ್ತಿಯಲ್ಲಿ ಪ್ರತಿಯೊಂದು ಊಹೆಯ ಬೆಲೆಯನ್ನೂ ಮಾಲೀಕರೇ ಭರಿಸಬೇಕಾಗುತ್ತದೆ, ಮತ್ತು ಕೊನೆಯ ಊಹೆ ಸರಿಯಾದರೂ ಹಿಂದಿನವುಗಳ ಹಣ ಮರಳುವುದಿಲ್ಲ. ಆದುದರಿಂದ ತಪಾಸಣೆಗೆ ಪ್ರತ್ಯೇಕವಾಗಿ ಹಣ ಕೊಡುವುದು ದುಬಾರಿಯೆಂಬ ಸಾಮಾನ್ಯ ಭಾವನೆಯನ್ನು ಲೆಕ್ಕ ಹಾಕಿ ಪರಿಶೀಲಿಸುವುದು ಅಗತ್ಯ.

ಐಡ್ಲಿಂಗ್, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ತನ್ನಷ್ಟಕ್ಕೆ ಚಾಲೂ ಇರುವ ಸ್ಥಿತಿ, ಮುಂಬಯಿಯ ಅಂಧೇರಿ ಪ್ರದೇಶದ ಕಾರುಗಳ ಪಾಲಿಗೆ ಅಪರೂಪದ್ದಲ್ಲ. ಎಸ್‌.ವಿ. ರೋಡ್, ಲಿಂಕ್ ರೋಡ್, ಸಾಕಿನಾಕಾ ಸಿಗ್ನಲ್ ಮತ್ತು ವೆಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿಯ ದಟ್ಟಣೆಯಲ್ಲಿ ಚಲಿಸಿದಷ್ಟೇ ಹೊತ್ತು ನಿಲ್ಲುವ ದಿನಗಳಿವೆ. ರೈಲು ಹಳಿಗಳ ಮೇಲಿನ ಗೋಖಲೆ ಸೇತುವೆಯನ್ನು 2022ರ ನವೆಂಬರ್‌ನಲ್ಲಿ ಮುಚ್ಚಿದ ಬಳಿಕ, 2024ರ ಫೆಬ್ರವರಿಯಲ್ಲಿ ಅದರ ಒಂದು ಪಾರ್ಶ್ವವೂ 2025ರ ಮೇ ತಿಂಗಳಲ್ಲಿ ಇನ್ನೊಂದು ಪಾರ್ಶ್ವವೂ ತೆರೆಯುವ ತನಕ, ಪೂರ್ವ ಪಶ್ಚಿಮಗಳ ನಡುವೆ ಓಡಾಡುವ ವಾಹನಗಳು ಬಳಸುದಾರಿಗಳಲ್ಲಿ ಸಾಲುಗಟ್ಟಿ ನಿಂತವು. ಹೀಗೆ ನಿಂತು ಉರಿಸಿದ ಗಂಟೆಗಳನ್ನು ಓಡೋಮೀಟರ್ ದಾಖಲಿಸುವುದಿಲ್ಲವಾದ್ದರಿಂದ, ಕಿಲೋಮೀಟರ್ ಮಾತ್ರ ನೋಡಿ ಆಯಿಲ್ ಬದಲಾಯಿಸುವ ಮಾಲೀಕರ ಎಂಜಿನ್ ಅವರು ತಿಳಿದುದಕ್ಕಿಂತ ಹೆಚ್ಚು ದುಡಿದಿರುತ್ತದೆ. ಈ ಪ್ರದೇಶದಲ್ಲಿ ತಿಂಗಳ ಲೆಕ್ಕವೇ ಹೆಚ್ಚು ವಿಶ್ವಾಸಾರ್ಹ.

ಹೆಚ್ಚು ಶಕ್ತಿಯ ಕಾರುಗಳನ್ನು ಎರಡನೇ ಅಥವಾ ಮೂರನೇ ಮಾಲೀಕರಾಗಿ ಕೊಳ್ಳುವವರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಭಾರತದಲ್ಲಿ ಇವು ಕಡಿಮೆ ಸಂಖ್ಯೆಯಲ್ಲಿ ಮಾರಾಟವಾದವು; 2020ರಲ್ಲಿ ಬಂದ ಸ್ಕೋಡಾ ಒಕ್ಟಾವಿಯಾ ಆರ್‌ಎಸ್ 245 ಮಾದರಿಗೆ ನಿಗದಿಯಾಗಿದ್ದುದು 200 ಕಾರುಗಳು ಮಾತ್ರ. ಸಂಖ್ಯೆ ಕಡಿಮೆಯಾದಷ್ಟೂ ಬಿಡಿಭಾಗಗಳು ತಡವಾಗಿ ಬರುತ್ತವೆ, ಬೆಲೆ ಏರುತ್ತದೆ, ಆ ಎಂಜಿನ್‌ನ ಸ್ವಭಾವ ಬಲ್ಲ ಮೆಕ್ಯಾನಿಕ್‌ಗಳು ವಿರಳವಾಗುತ್ತಾರೆ, ಆದ್ದರಿಂದ ತಪ್ಪು ಊಹೆಯೊಂದರ ಬೆಲೆ ಸಾಮಾನ್ಯ ಕಾರಿಗಿಂತ ಹಲವು ಪಟ್ಟು ಹೆಚ್ಚುತ್ತದೆ.

ನಡುಕದ ಕಾರಣವನ್ನು ತಿಳಿಯಲು ಎಂಜಿನ್‌ನ ಲಯವನ್ನು ತಿಳಿದಿರಬೇಕು. ಫೋರ್ ಸ್ಟ್ರೋಕ್ ಎಂಜಿನ್‌ನಲ್ಲಿ ಕ್ರ್ಯಾಂಕ್, ಅಂದರೆ ಪಿಸ್ಟನ್‌ಗಳ ಏರಿಳಿತವನ್ನು ತಿರುಗುವಿಕೆಯಾಗಿ ಮಾರ್ಪಡಿಸುವ ದಂಡ, ಎರಡು ಸುತ್ತು ತಿರುಗುವಾಗ ಪ್ರತಿ ಸಿಲಿಂಡರ್‌ನಲ್ಲಿ ಒಮ್ಮೆ ಇಂಧನ ಉರಿಯುತ್ತದೆ. ನಿಮಿಷಕ್ಕೆ 750 ಸುತ್ತಿನ ಐಡ್ಲಿಂಗ್‌ನಲ್ಲಿ ನಾಲ್ಕು ಸಿಲಿಂಡರ್‌ಗಳೂ ಸೇರಿ ಸೆಕೆಂಡಿಗೆ 25 ಬಾರಿ ಉರಿಯುತ್ತವೆ, ಒಂದೊಂದರ ಪಾಲು 6 ಬಾರಿಗಿಂತ ತುಸು ಹೆಚ್ಚು. ಒಂದು ಸಿಲಿಂಡರ್ ಉರಿಯದೆ ಹೋದರೆ, ಗ್ಯಾರೇಜಿನ ಮಾತಿನಲ್ಲಿ ‘ಮಿಸ್ಸಿಂಗ್’ ಆದರೆ, ಆ ಕೊರತೆ ಸ್ಟೀರಿಂಗ್‌ನಲ್ಲೂ ಸೀಟಿನಲ್ಲೂ ನಿಯತವಾದ ತಡವರಿಕೆಯಾಗಿ ತಿಳಿಯುತ್ತದೆ. ಸುತ್ತುಗಳು ನಿಧಾನವಾಗಿ ಏರಿ ಇಳಿಯುತ್ತಿದ್ದರೆ ದೋಷ ಗಾಳಿಯ ಅಳತೆಯಲ್ಲಿರುವ ಸಂಭವ ಹೆಚ್ಚು. ಸುತ್ತುಗಳು ಸ್ಥಿರವಾಗಿದ್ದೂ ಕಾರಿನ ಒಡಲು ಮಾತ್ರ ನಡುಗಿದರೆ ಎಂಜಿನ್ ಮೌಂಟಿಂಗ್‌ಗಳನ್ನು, ಅಂದರೆ ಎಂಜಿನ್ ಕೂರುವ ರಬ್ಬರ್ ಆಧಾರಗಳನ್ನು, ಮೊದಲು ನೋಡಬೇಕು. ಈ ಮೂರನ್ನು ಬೇರ್ಪಡಿಸಿ ಹೇಳಬಲ್ಲ ಮಾಲೀಕರು ಗ್ಯಾರೇಜಿಗೆ ಹೋಗುವ ಮೊದಲೇ ಅರ್ಧ ತಪಾಸಣೆ ಮುಗಿಸಿರುತ್ತಾರೆ.

ಈ ಅಂಕಣಕಾರರ ಮನೆಯಲ್ಲಿ ಕೆಲಕಾಲ ಬಳಕೆಯಲ್ಲಿದ್ದ, ಸೆಕೆಂಡ್‌ಹ್ಯಾಂಡ್ ಕೊಂಡ ಟರ್ಬೊ ಪೆಟ್ರೋಲ್ ಕಾರಿನ ಪ್ರಸಂಗ ಇದಕ್ಕೆ ನಿದರ್ಶನವಾಗುತ್ತದೆ. ಟರ್ಬೊ ಎಂದರೆ ಹೊರಬೀಳುವ ಅನಿಲದ ರಭಸದಿಂದಲೇ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬುವ ಸಾಧನ. ಕಾದ ಎಂಜಿನ್ ಸಿಗ್ನಲ್‌ನಲ್ಲಿ ನಿಂತಾಗ ನಡುಗುತ್ತಿತ್ತು, ಜೊತೆಗೆ ಸಣ್ಣದೊಂದು ಸಿಳ್ಳೆಯ ಸದ್ದು ಬರುತ್ತಿತ್ತು. ಒಂದು ಗ್ಯಾರೇಜ್ ನಾಲ್ಕೂ ಇಂಜೆಕ್ಟರ್‌ಗಳನ್ನು ಬದಲಾಯಿಸುವ ದೊಡ್ಡ ಮೊತ್ತದ ಎಸ್ಟಿಮೇಟ್ ಕೊಟ್ಟಿತು. ಮತ್ತೊಂದೆಡೆ ಮೆಕ್ಯಾನಿಕ್ ಆಯಿಲ್ ತುಂಬುವ ಮುಚ್ಚಳವನ್ನು ಮೊದಲು ಎತ್ತಿ ನೋಡಿದರು; ಅದು ಒಳಗಿನಿಂದ ಬಲವಾಗಿ ಹೀರಿ ಹಿಡಿದಂತಿತ್ತು, ತೆಗೆದೊಡನೆ ಸಿಳ್ಳೆ ನಿಂತು ಐಡ್ಲಿಂಗ್ ಬದಲಾಯಿತು. ಎಂಜಿನ್‌ನ ಕೆಳಭಾಗದಲ್ಲಿ ಸೇರುವ ಅನಿಲವನ್ನು ಮರಳಿ ಒಳಸೆಳೆಯಲು ಬಿಡುವ ಪಿಸಿವಿ ವಾಲ್ವ್‌ನ ರಬ್ಬರ್ ಪೊರೆ ಹರಿದಿರುವುದರ ಲಕ್ಷಣ ಅದು. ಗಾಳಿಯ ಕೊಳವೆಗಳಿಗೆ ಕಡಿಮೆ ಒತ್ತಡದಲ್ಲಿ ಹೊಗೆ ಬಿಟ್ಟು ಎಲ್ಲಿಂದ ಹೊರಬರುತ್ತದೆಂದು ನೋಡುವ ಸ್ಮೋಕ್ ಟೆಸ್ಟ್ ಅದನ್ನೇ ದೃಢಪಡಿಸಿತು. ತಪಾಸಣೆಯ ಶುಲ್ಕ, ವಾಲ್ವ್ ಮತ್ತು ಕೂಲಿ ಮೂರೂ ಸೇರಿದ ಮೊತ್ತ ಒಂದೇ ಒಂದು ಇಂಜೆಕ್ಟರ್‌ನ ಬೆಲೆಗಿಂತ ಕಡಿಮೆಯಾಗಿತ್ತು, ಮತ್ತು ಇಂಜೆಕ್ಟರ್‌ಗಳನ್ನು ಬದಲಾಯಿಸಿದ್ದರೆ ನಡುಕ ಹಾಗೆಯೇ ಉಳಿಯುತ್ತಿತ್ತು.

ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷ ಸಂಕೇತಗಳನ್ನು ಓದುವ ಸ್ಕ್ಯಾನರ್ ಹಾಕಿಸುವುದೇ ತಪಾಸಣೆಯೆಂದು ಭಾವಿಸುವುದು ಸರಿಯಲ್ಲ. ಪಿ0302 ಎಂಬ ಸಂಕೇತ ಎರಡನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲವೆಂದು ಹೇಳುತ್ತದೆಯೇ ಹೊರತು ಏಕೆ ಎಂಬುದನ್ನು ಹೇಳುವುದಿಲ್ಲ. ಎರಡನೆಯದರ ಕಾಯಿಲ್ ಅನ್ನು ಮೂರನೆಯದಕ್ಕೆ ಅದಲುಬದಲು ಮಾಡಿದಾಗ ಸಂಕೇತ ಪಿ0303ಕ್ಕೆ ಬದಲಾದರೆ ದೋಷ ಕಾಯಿಲ್‌ನದ್ದು, ಬದಲಾಗದಿದ್ದರೆ ಪ್ಲಗ್, ಇಂಜೆಕ್ಟರ್ ಅಥವಾ ಸಿಲಿಂಡರ್‌ನ ಒತ್ತಡವನ್ನು ನೋಡಬೇಕು. ಈ ಪರೀಕ್ಷೆಗೆ ಬಿಡಿಭಾಗ ಕೊಳ್ಳಬೇಕಾಗಿಲ್ಲ. ಸ್ಕ್ಯಾನರ್‌ನಲ್ಲಿ ಸಂಕೇತಕ್ಕಿಂತ ಹೆಚ್ಚು ಬೆಲೆಬಾಳುವ ಮಾಹಿತಿ ಫ್ಯೂಯಲ್ ಟ್ರಿಮ್, ಅಂದರೆ ಗಾಳಿಗೆ ಹೊಂದುವಂತೆ ಕಂಪ್ಯೂಟರ್ ಇಂಧನವನ್ನು ಎಷ್ಟು ಶೇಕಡ ಹೆಚ್ಚಿಸಿ ಅಥವಾ ತಗ್ಗಿಸಿ ಕೊಡುತ್ತಿದೆ ಎಂಬ ಅಂಕಿ. ಐಡ್ಲಿಂಗ್‌ನಲ್ಲಿ ಅದು ಶೇ 10ಕ್ಕಿಂತ ಮೇಲೆ ಹೋಗಿ, 2,500 ಸುತ್ತಿನಲ್ಲಿ ಸಹಜ ಮಟ್ಟಕ್ಕೆ ಇಳಿದರೆ ಅಳತೆಗೆ ಸಿಗದ ಗಾಳಿ ಎಲ್ಲೋ ನುಸುಳುತ್ತಿದೆ ಎಂದರ್ಥ, ಏಕೆಂದರೆ ಎಂಜಿನ್ ಹೆಚ್ಚು ಗಾಳಿ ಎಳೆಯುವಾಗ ಸೋರಿಕೆಯ ಪಾಲು ಗೌಣವಾಗುತ್ತದೆ. ವೇಗದೊಂದಿಗೆ ಅದೇ ಅಂಕಿ ಏರುತ್ತಾ ಹೋದರೆ ಸಂದೇಹ ಫ್ಯೂಯಲ್ ಪಂಪ್, ಫಿಲ್ಟರ್ ಅಥವಾ ಗಾಳಿಯನ್ನು ಅಳೆಯುವ ಸೆನ್ಸರ್ ಕಡೆಗೆ ತಿರುಗುತ್ತದೆ. ಎಸ್ಟಿಮೇಟ್ ಕೊಡುವವರಿಂದ ಐಡ್ಲಿಂಗ್ ಮತ್ತು 2,500 ಸುತ್ತಿನ ಈ ಎರಡು ಅಂಕಿಗಳನ್ನು ಕೇಳುವುದು ಮಾಲೀಕರ ಹಕ್ಕು.

ನೇರ ಇಂಧನ ಸಿಂಚನದ, ಅಂದರೆ ಪೆಟ್ರೋಲನ್ನು ಸಿಲಿಂಡರ್‌ನ ಒಳಗೇ ಚಿಮ್ಮಿಸುವ ಎಂಜಿನ್‌ಗಳಲ್ಲಿ ಗಾಳಿಯನ್ನು ಒಳಬಿಡುವ ಇನ್‌ಟೇಕ್ ವಾಲ್ವ್‌ಗಳನ್ನು ಪೆಟ್ರೋಲ್ ತೊಳೆಯುವುದಿಲ್ಲ. ಆಯಿಲ್‌ನ ಆವಿ ಅಲ್ಲಿ ಸುಟ್ಟು ಇಂಗಾಲವಾಗಿ ಗಟ್ಟಿಯಾಗುತ್ತದೆ, ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ತಡವರಿಕೆ ಉಂಟಾಗುತ್ತದೆ. ಈ ಇಂಗಾಲಕ್ಕೆಂದು ಪೆಟ್ರೋಲ್ ಟ್ಯಾಂಕಿಗೆ ಸುರಿಯುವ ಬಾಟಲಿಗಳು ನಿಷ್ಫಲ, ಏಕೆಂದರೆ ಟ್ಯಾಂಕಿನಲ್ಲಿರುವುದು ಆ ವಾಲ್ವ್‌ಗಳನ್ನು ಮುಟ್ಟುವುದೇ ಇಲ್ಲ. ಇನ್‌ಟೇಕ್ ಬಿಚ್ಚಿ ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯ ರಭಸದಲ್ಲಿ ಹಾಯಿಸಿ ಶುಚಿಗೊಳಿಸುವುದು ಪರಿಣಾಮಕಾರಿಯಾದ ಕ್ರಮ. ಹಿಂದಿನ ಮಾಲೀಕರು ಮಾಡಿಸಿದ ಮಾರ್ಪಾಡುಗಳನ್ನೂ ವಿಚಾರಿಸಬೇಕು: ಗಟ್ಟಿಯಾದ ಪಾಲಿಯುರೆಥೇನ್ ಮೌಂಟಿಂಗ್ ಹಾಕಿದ ಕಾರು ದೋಷವಿಲ್ಲದೆಯೂ ನಡುಗುತ್ತದೆ, ಮತ್ತು ವಿಮಾ ಕಂಪನಿಗೆ ತಿಳಿಸದ ಮಾರ್ಪಾಡು ಕ್ಲೇಮಿನ ಸಮಯದಲ್ಲಿ ವಿವಾದಕ್ಕೆ ಎಡೆಮಾಡಬಹುದು.

ಸದ್ದುಗಳ ವಿಷಯದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಹಣಕಾಸಿನದೇ: ಕಾರನ್ನು ಇನ್ನೂ ಓಡಿಸಿದರೆ ವೆಚ್ಚ ಅಷ್ಟೇ ಉಳಿಯುವುದೇ, ಬೆಳೆಯುವುದೇ? ಎಂಜಿನ್‌ನ ಮೇಲ್ಭಾಗದ ಸಣ್ಣ ಟಿಕ್ ಟಿಕ್ ಸದ್ದು ಸಾಮಾನ್ಯವಾಗಿ ವಾಲ್ವ್‌ಗಳನ್ನು ತೆರೆಯುವ ಟ್ಯಾಪೆಟ್‌ನದು. ವಾಲ್ವ್‌ಗಳನ್ನು ನಡೆಸುವ ಕ್ಯಾಮ್ ದಂಡ ಕ್ರ್ಯಾಂಕ್‌ನ ಅರ್ಧ ವೇಗದಲ್ಲಿ ತಿರುಗುವುದರಿಂದ ಈ ಸದ್ದೂ ಆ ಅರ್ಧ ಲಯದಲ್ಲಿ ಬರುತ್ತದೆ. ನೇರ ಸಿಂಚನದ ಇಂಜೆಕ್ಟರ್‌ಗಳು ಸಹಜವಾಗಿಯೇ ಟಿಕ್ ಎನ್ನುತ್ತವೆ, ಅದಕ್ಕಾಗಿ ಹಣ ತೆರುವುದು ಬೇಡ. ಬೆಲ್ಟ್ ಕಡೆಯಿಂದ ಬರುವ ಗೊರಗೊರವನ್ನು ಬೆಲ್ಟ್ ತೆಗೆದು ಕೆಲವೇ ಕ್ಷಣ ಎಂಜಿನ್ ಓಡಿಸಿ ಪರೀಕ್ಷಿಸಬಹುದು. ಸದ್ದು ನಿಂತರೆ ದೋಷ ಆಲ್ಟರ್ನೇಟರ್, ಪುಲ್ಲಿ ಮೊದಲಾದವುಗಳ ಬೇರಿಂಗ್‌ನಲ್ಲಿದೆ, ಎಂಜಿನ್‌ನೊಳಗಿಲ್ಲ. ಕ್ಲಚ್ ಒತ್ತಿದಾಗ ಮರೆಯಾಗುವ ಸದ್ದು ಗೇರ್‌ಬಾಕ್ಸ್ ಕಡೆಗೆ ಬೆರಳು ತೋರುತ್ತದೆ. ತಣ್ಣಗಿನ ಸ್ಟಾರ್ಟ್‌ನಲ್ಲಿ ಒಂದೆರಡು ಸೆಕೆಂಡ್ ಕೇಳುವ ಸರಪಳಿಯ ಗಲಗಲ ಸದ್ದನ್ನು ಮಾತ್ರ ಮುಂದೂಡಬಾರದು. ಕ್ರ್ಯಾಂಕ್ ಮತ್ತು ಕ್ಯಾಮ್ ದಂಡಗಳನ್ನು ಜೋಡಿಸುವ ಟೈಮಿಂಗ್ ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಆಯಿಲ್ ಒತ್ತಡ ಬರುವ ತನಕ ಸಡಿಲವಾಗಿದೆಯೆಂದು ಅದು ಸೂಚಿಸುತ್ತದೆ, ಚೈನ್ ಹಲ್ಲು ಜಾರಿದರೆ ಪಿಸ್ಟನ್‌ಗಳು ವಾಲ್ವ್‌ಗಳಿಗೆ ಬಡಿದು ಅವನ್ನು ಬಗ್ಗಿಸಬಹುದು.

ಇವೆಲ್ಲಕ್ಕಿಂತ ಗಂಭೀರವಾದುದು ಕೆಳಭಾಗದಿಂದ ಬರುವ, ಕ್ರ್ಯಾಂಕ್‌ನ ಪೂರ್ಣ ಲಯದ, ಆಕ್ಸಿಲರೇಟರ್ ಒತ್ತಿದಂತೆ ಬಲವಾಗುವ ಗಾಢವಾದ ಬಡಿತ. ಪಿಸ್ಟನ್‌ನ ರಾಡ್ ಕ್ರ್ಯಾಂಕ್‌ಗೆ ಸೇರುವಲ್ಲಿನ ಬೇರಿಂಗ್ ಸವೆದುದರ ಗುರುತು ಅದು. ಉದ್ದನೆಯ ಸ್ಕ್ರೂಡ್ರೈವರ್‌ನ ತುದಿಯನ್ನು ಎಂಜಿನ್‌ಗೂ ಹಿಡಿಯನ್ನು ಕಿವಿಗೂ ಇಟ್ಟು ಆಲಿಸುವ ಹಳೆಯ ವಿಧಾನ ಇಲ್ಲಿ ಇಂದಿಗೂ ಉಪಯುಕ್ತ. ಒಂದೊಂದೇ ಸಿಲಿಂಡರ್‌ನ ದಹನ ನಿಲ್ಲಿಸಿದಾಗ ಬಡಿತ ಮೆತ್ತಗಾದ ಕಡೆ ದೋಷವಿದೆ, ಮತ್ತು ಗೇಜ್ ಹಾಕಿ ಅಳೆದ ಆಯಿಲ್ ಒತ್ತಡ ಅದಕ್ಕೆ ಸಾಕ್ಷಿ ನುಡಿಯುತ್ತದೆ. ಈ ದೋಷದ ವೆಚ್ಚ ಚಕ್ರಬಡ್ಡಿಯಂತೆ ಬೆಳೆಯುತ್ತದೆ: ಮೊದಲು ಬೇರಿಂಗ್, ಬಳಿಕ ಗೀರುಬಿದ್ದ ಕ್ರ್ಯಾಂಕ್, ಕೊನೆಗೆ ಮುರಿದ ರಾಡ್ ತೂತು ಮಾಡಿದ ಎಂಜಿನ್ ಬ್ಲಾಕ್. ಇಂತಹ ಕಾರನ್ನು ಗ್ಯಾರೇಜಿನ ತನಕವೂ ಓಡಿಸದೆ ಟೋ ಮಾಡಿಸುವುದೇ ಅಗ್ಗ.

ಮಳೆಗಾಲದಲ್ಲಿ ಈ ಬಡಿತಕ್ಕೆ ಮತ್ತೊಂದು ಮೂಲವಿದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ದಾಖಲಾದ ದಿನವನ್ನು ಮುಂಬಯಿಯ ವಾಹನ ಮಾಲೀಕರು ಮರೆತಿಲ್ಲ. ಅಂಧೇರಿ ಸಬ್‌ವೇ ಇಂದಿಗೂ ಜೋರು ಮಳೆಗೆ ನೀರು ತುಂಬಿ ಮುಚ್ಚುತ್ತದೆ. ಗಾಳಿಯ ದಾರಿಯಿಂದ ಸಿಲಿಂಡರ್‌ಗೆ ನೀರು ಹೊಕ್ಕಾಗ, ನೀರು ಗಾಳಿಯಂತೆ ಕುಗ್ಗದ ಕಾರಣ, ಮತ್ತೆ ಸ್ಟಾರ್ಟ್ ಮಾಡುವ ಪ್ರಯತ್ನದಲ್ಲಿ ರಾಡ್ ಬಗ್ಗಬಹುದು, ನಡುಕವೂ ಬಡಿತವೂ ಕೆಲವೊಮ್ಮೆ ವಾರಗಳ ನಂತರ ಕಾಣಿಸಿಕೊಳ್ಳುತ್ತವೆ. ಖಾಸಗಿ ಕಾರಿನ ಸಾಮಾನ್ಯ ಪಾಲಿಸಿ ಯಾಂತ್ರಿಕ ವೈಫಲ್ಯ, ಸವೆತ ಮತ್ತು ಆನುಷಂಗಿಕ ನಷ್ಟ, ಅಂದರೆ ಅವಘಡದ ಬಳಿಕ ಮಾಡಿದ ಕ್ರಿಯೆಯಿಂದ ಬೆಳೆದ ಹಾನಿ, ಇವುಗಳನ್ನು ಹೊರಗಿಡುತ್ತದೆ. ನೀರಿನಲ್ಲಿ ನಿಂತ ಕಾರನ್ನು ಮತ್ತೆ ಸ್ಟಾರ್ಟ್ ಮಾಡಿದ್ದನ್ನು ವಿಮಾ ಕಂಪನಿಗಳು ಈ ಕಾರಣಕ್ಕೇ ಆಕ್ಷೇಪಿಸುತ್ತವೆ. ಎಂಜಿನ್ ಪ್ರೊಟೆಕ್ಷನ್ ಎಂಬ ಹೆಚ್ಚುವರಿ ರಕ್ಷಣೆಯನ್ನು ಕೊಳ್ಳುವ ಮುನ್ನ ಅದರ ಷರತ್ತುಗಳನ್ನು ಓದಬೇಕು. ಸಾಮಾನ್ಯ ಪಾಲಿಸಿಯ ಸವಕಳಿ ಪಟ್ಟಿಯಂತೆ 5ರಿಂದ 10 ವರ್ಷದ ಕಾರಿನ ಲೋಹದ ಭಾಗಗಳ ಮೇಲೆ ಶೇ 40, ರಬ್ಬರ್ ಮತ್ತು ಪ್ಲಾಸ್ಟಿಕ್ ಭಾಗಗಳ ಮೇಲೆ ಶೇ 50 ಕಡಿತವಿದೆ. 1,00,000 ರೂಪಾಯಿಯ ಲೋಹದ ಭಾಗಕ್ಕೆ ಕ್ಲೇಮ್ ಮಂಜೂರಾದರೂ 40,000 ರೂಪಾಯಿ ಮಾಲೀಕರ ಕೈಯಿಂದಲೇ ಹೋಗುತ್ತದೆ.

ಇನ್ನು ತೆರಿಗೆಯ ವಿಷಯ: 2025ರ ಸೆಪ್ಟೆಂಬರ್ 22ರಿಂದ ವಾಹನದ ಎಲ್ಲ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ 18ಕ್ಕೆ ಬಂದಿದೆ. ಅದಕ್ಕೂ ಮೊದಲು ಹಲವು ಭಾಗಗಳಿಗೆ ಶೇ 28 ಇತ್ತು. ತೆರಿಗೆ ಉಳಿಸುವ ನೆಪದಲ್ಲಿ ಬಿಲ್ಲಿಲ್ಲದೆ ಕೆಲಸ ಮಾಡಿಸುವವರು ವಿವಾದ ಎದ್ದಾಗ ಸಾಕ್ಷ್ಯವಿಲ್ಲದೆ ಉಳಿಯುತ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರಿಗೆ 2 ವರ್ಷದ ಅವಧಿಯಿದೆ. ಬಿಲ್, ಸ್ಕ್ಯಾನರ್‌ನ ಮುದ್ರಿತ ವರದಿ, ಎಂಜಿನ್ ಸದ್ದಿನ ಮೊಬೈಲ್ ರೆಕಾರ್ಡಿಂಗ್ ಮತ್ತು ತೆಗೆದುಹಾಕಿದ ಹಳೆಯ ಭಾಗ, ಇವು ಮಾಲೀಕರ ಬಳಿಯೇ ಇರಬೇಕು.

ಬೇಸಿಗೆಯಲ್ಲಿ ಕೊಲ್ಹಾಪುರ, ಬೆಳಗಾವಿ, ಯಲ್ಲಾಪುರ ಮಾರ್ಗವಾಗಿ ಊರಿಗೆ ಹೊರಡುವ ಅಂಧೇರಿಯ ಕರಾವಳಿ ಕನ್ನಡಿಗರಿಗೆ ನಡುಕ ಮತ್ತು ಸದ್ದುಗಳ ಈ ವಿಂಗಡಣೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಸವೆದ ಮೌಂಟಿಂಗ್‌ನ ನಡುಕ ಅಥವಾ ಟ್ಯಾಪೆಟ್‌ನ ಹಳೆಯ ಸದ್ದು ಇರುವ ಕಾರು ಆಯಿಲ್ ಮಟ್ಟ ಸರಿಯಾಗಿದ್ದರೆ ಹೋಗಿ ಬರಬಹುದು. ಮಿಸ್ಸಿಂಗ್ ಇರುವ ಕಾರು ಹೊರಡಬಾರದು, ಏಕೆಂದರೆ ಉರಿಯದ ಪೆಟ್ರೋಲ್ ಹೊಗೆ ಶುದ್ಧೀಕರಿಸುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿದು ಅದನ್ನು ಕರಗಿಸಬಹುದು, ಆಗ ಕಾಯಿಲ್‌ನಲ್ಲಿ ಮುಗಿಯಬೇಕಿದ್ದ ಬಿಲ್ಲು ಅದರ ಹಲವು ಪಟ್ಟಾಗುತ್ತದೆ. ಘಾಟಿ ಏರುವಾಗ ಲೋಹದ ಕಿಣಿಕಿಣಿ ಕೇಳಿದರೆ ಅದು ಬಹುತೇಕ ಇಂಧನ ಅಕಾಲದಲ್ಲಿ ಉರಿಯುವ ನಾಕಿಂಗ್. ಗೇರ್ ಇಳಿಸಿ ಎಂಜಿನ್ ಮೇಲಿನ ಭಾರ ತಗ್ಗಿಸಬೇಕು, ಮತ್ತು ಮುಂದಿನ ಬಂಕ್‌ನಲ್ಲಿ ಪೆಟ್ರೋಲ್ ಮುಚ್ಚಳದ ಒಳಗೆ ಬರೆದಿರುವ ಆಕ್ಟೇನ್ ಅಂಕಿಗೆ ಕಡಿಮೆಯಿಲ್ಲದ ಪೆಟ್ರೋಲನ್ನೇ ತುಂಬಿಸಬೇಕು.